ಹತ್ತಡಿ ನೀರಿನ ಮುಳುಗುವೀರ

ಸ್ಕೂಬಾ ಡೈವಿಂಗ್ ಎಂದೊಡನೆ ಜನ ಮೊದಲು ಕೇಳುವುದು ಆಳದ ಲೆಕ್ಕ. ಮುರುಡೇಶ್ವರದಲ್ಲಿ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ಒಂದು ಸಲ ಮುಳುಗೆದ್ದು ಬಂದ ಬೆಂಗಳೂರಿನ ಹುಡುಗನಿಗೂ ಸೋಮವಾರ ಆಫೀಸಿನ ಕಾಫಿ ಮೆಷಿನ್ ಮುಂದೆ ಎದುರಾಗುವ ಪ್ರಶ್ನೆ ‘ಎಷ್ಟು ಆಳ ಹೋಗಿದ್ದೆ ಮಾರಾಯ?’ ಎಂಬುದೇ. ಏನೇನು ಕಂಡೆ ಎಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಇಂಥ ಪ್ರಶ್ನೆಗೆ ‘ಹತ್ತಡಿ’ ಎಂದು ತಲೆಯೆತ್ತಿ ಉತ್ತರ ಕೊಡುವ ಒಂದು ತಳಿಯ ಮನುಷ್ಯ ಜಗತ್ತಿನಲ್ಲಿದ್ದಾನೆ. ಅವನ ತವರು ಅಮೆರಿಕದ ಫ್ಲಾರಿಡಾ. ಅಲ್ಲಿನ ಪೂರ್ವ ಕರಾವಳಿಯ ರಿವಿಯೆರಾ ಬೀಚ್ ಊರಿನಲ್ಲಿ ಲೇಕ್ ವರ್ತ್ ಎಂಬ ಹಿನ್ನೀರಿದೆ; ಅದನ್ನು ದಾಟಲು ಬ್ಲೂ ಹೆರಾನ್ ಸೇತುವೆ ಇದೆ; ಸೇತುವೆಯ ಬುಡದಲ್ಲಿ ಫಿಲ್ ಫಾಸ್ಟರ್ ಪಾರ್ಕ್ ಇದೆ. ಪಾರ್ಕಿನ ದಡದಿಂದ ನಾಲ್ಕು ಕೈ ಈಜಿದರೆ ಸಿಗುವಷ್ಟು ಹತ್ತಿರದಲ್ಲಿ 2012ರಲ್ಲಿ ಸುಣ್ಣಕಲ್ಲಿನ ಬಂಡೆಗಳನ್ನು ಇಳಿಸಿ ಒಂದು ಕೃತಕ ಬಂಡೆಸಾಲು ಮಾಡಿದರು. ಆಮೇಲೆ ಕಾಂಕ್ರೀಟಿನ ಆಕೃತಿಗಳೂ ಬಂದು ಸೇರಿಕೊಂಡವು. ನೀರಿನ ಆಳ ಆರರಿಂದ ಹತ್ತು ಅಡಿ. ಬಾಯಲ್ಲಿ ಕೊಳವೆ ಕಚ್ಚಿಕೊಂಡು ತೇಲುವ ಮಕ್ಕಳಿಗೆಂದೇ ಮಾಡಿದ್ದಂತೆ ಕಾಣುವ ಈ ಜಾಗಕ್ಕೆ ನಮ್ಮ ವೀರ ಪೂರ್ಣ ಸ್ಕೂಬಾ ಕವಚದಲ್ಲಿ ಬಂದಿಳಿಯುತ್ತಾನೆ.

ಅವನು ನಿವೃತ್ತ ದಂತವೈದ್ಯನಿರಬಹುದು, ವಿಮಾ ಕಂಪನಿಯ ಲೆಕ್ಕಿಗನಿರಬಹುದು. ನೀರಿನ ಅಂಚಿಗೆ ಬಂದ ಮೇಲೆ ಎಲ್ಲರದೂ ಒಂದೇ ಗೋತ್ರ. ಉಬ್ಬರ ಇಳಿತದ ವೇಳಾಪಟ್ಟಿಯೇ ಇವನ ಪಂಚಾಂಗ. ಇಳಿತದ ಹೊತ್ತಿನಲ್ಲಿ ಸೇತುವೆಯ ಕೆಳಗೆ ಹಿನ್ನೀರಿನ ಕದಡು ನೀರು ರಭಸವಾಗಿ ಹರಿಯುತ್ತದೆ, ಚಾಚಿದ ಕೈ ಕಾಣುವುದಿಲ್ಲ. ಉಬ್ಬರ ತುಂಬುತ್ತಿದ್ದಂತೆ ಹತ್ತಿರದ ಅಳಿವೆಯಿಂದ ಕಡಲಿನ ತಿಳಿನೀರು ಒಳಗೆ ಬರುತ್ತದೆ, ಸೆಳೆತ ನಿಲ್ಲುತ್ತದೆ. ಈ ಶುಭ ಮುಹೂರ್ತ ಬೆಳಿಗ್ಗೆ ಹತ್ತಕ್ಕೆ ಬಿದ್ದರೆ ಹತ್ತಕ್ಕೆ, ಮಗಳ ನಿಶ್ಚಿತಾರ್ಥದ ಊಟದ ಹೊತ್ತಿಗೇ ಬಿದ್ದರೆ ಆ ಹೊತ್ತಿಗೇ. ಎರಡು ಗಂಟೆ ಮೊದಲೇ ಬಂದು ಕಾರು ನಿಲ್ಲಿಸಲು ಜಾಗ ಹಿಡಿದು, ಡಿಕ್ಕಿ ತೆರೆದು ಸಾಮಾನು ಹರಡುತ್ತಾನೆ. ತುಂಬಿದ ಸಿಲಿಂಡರ್ ಒಂದೇ ಹದಿನಾರು ಕಿಲೋ ಮೇಲೆ, ಅದರ ಜತೆಗೆ ಸೀಸದ ತೂಕ, ನೂರು ಮೀಟರ್ ಆಳ ತಾಳಬಲ್ಲ ಕೈಗಡಿಯಾರದಂಥ ಡೈವ್ ಕಂಪ್ಯೂಟರ್, ಎಲ್ಲಕ್ಕಿಂತ ಮಿಗಿಲಾಗಿ ಹಳೆಯ ಕಾರೊಂದರ ಬೆಲೆಯ ಕ್ಯಾಮೆರಾ. ಆ ಕ್ಯಾಮೆರಾದ ಪೆಟ್ಟಿಗೆಗೆ ಓ-ರಿಂಗ್ ಎಂಬ ತೆಳ್ಳನೆಯ ರಬ್ಬರ್ ಬಳೆ ಇರುತ್ತದೆ. ಅದನ್ನು ಬೆರಳ ತುದಿಯಲ್ಲಿ ಬಿಡಿಸಿ, ಬೆಳಕಿಗೆ ಹಿಡಿದು, ಕಡಲೆಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ, ಮತ್ತೆ ಬೆಳಕಿಗೆ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುತ್ತಾನೆ. ಒಂದು ಕೂದಲೆಳೆ ಸಿಕ್ಕಿಕೊಂಡರೂ ಉಪ್ಪುನೀರು ಒಳನುಗ್ಗಿ ಕ್ಯಾಮೆರಾ ಅಲ್ಲೇ ಪರಲೋಕ ಸೇರುತ್ತದೆ. ಈ ಹೊತ್ತಿನಲ್ಲಿ ಅವನನ್ನು ಮಾತಾಡಿಸಿದವರಿಗೆ ಜನ್ಮದಲ್ಲಿ ಕ್ಷಮೆಯಿಲ್ಲ.

ಇಷ್ಟೆಲ್ಲ ಹೊತ್ತು, ಏದುಸಿರು ಬಿಡುತ್ತಾ, ಫ್ಲಾರಿಡಾದ ಕಾನೂನಿನಂತೆ ಬಿಳಿಯ ಓರೆಪಟ್ಟೆಯ ಕೆಂಪು ಬಾವುಟವನ್ನು ದಾರದಲ್ಲಿ ಎಳೆದುಕೊಂಡು ನೀರಿಗಿಳಿದವನು ಮಾಡುವುದೇನು? ಬೋರಲು ಮಲಗುತ್ತಾನೆ. ಒಂದೂವರೆ ಗಂಟೆ ಮಲಗಿಯೇ ಇರುತ್ತಾನೆ. ಮೂಗಿನ ಮುಂದೆ ಗೇಣು ದೂರದಲ್ಲಿ ಬೆರಳುದ್ದದ ಜಾಫಿಶ್ ಎಂಬ ಮೀನು ಬಿಲದಿಂದ ತಲೆ ಹೊರಹಾಕಿರುತ್ತದೆ. ಈ ಮೀನಿನ ಸಂಸಾರದಲ್ಲಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುವ ಕೆಲಸ ಗಂಡಿನದು. ಆಗಾಗ ಮೊಟ್ಟೆಗಳಿಗೆ ಗಾಳಿಯಾಡಲೆಂದು ಅದು ಬಾಯಗಲಿಸಿ ಮುದ್ದೆಯನ್ನು ಹೊರಚಾಚಿ, ಮರುಕ್ಷಣವೇ ಒಳಗೆಳೆದುಕೊಳ್ಳುತ್ತದೆ. ಆ ಕ್ಷಣದ ಚಿತ್ರಕ್ಕಾಗಿ ನಮ್ಮ ವೀರ ಕಾಯುತ್ತಾನೆ. ಹೆಂಡತಿಯ ಹೆರಿಗೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಹತ್ತು ನಿಮಿಷ ನೆಟ್ಟಗೆ ಕೂರಲಾರದ ಗಂಡಸೂ ಇಲ್ಲಿ ಪರಮೀನಿನ ಬಾಣಂತನಕ್ಕೆ ಮಿಸುಕದೆ ಕಾವಲಿರುತ್ತಾನೆ. ತಲೆಯ ಮೇಲೆ, ಅವನಿಂದ ಎಂಟಡಿ ಎತ್ತರದಲ್ಲಿ, ಐದು ವರ್ಷದ ಮಗುವೊಂದು ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ತೇಲುತ್ತಾ ಅವನನ್ನೇ ಹೊಸ ಬಗೆಯ ಜಲಚರವೆಂದು ನೋಡುತ್ತಿರುತ್ತದೆ. ಅದರ ಟಿಕೆಟ್ಟಿಲ್ಲದ ಆನಂದಕ್ಕೂ ಇವನ ಲಕ್ಷಗಟ್ಟಲೆಯ ಆನಂದಕ್ಕೂ ಆಳದಲ್ಲಿ ಎಂಟಡಿಯ ವ್ಯತ್ಯಾಸ. ನಗು ಬರದಿರಲು ಹೇಗೆ ಸಾಧ್ಯ? ನಗಬೇಕಾದ್ದೇ. ಆದರೆ ಜನ ನಗುವುದು ಅವನ ಹತ್ತಡಿಯನ್ನು ನೋಡಿ. ಅವನಲ್ಲಿ ನಿಜವಾಗಿ ನಗೆಪಾಟಲಿನದು ಬೇರೆಯೇ ಇದೆ, ಹತ್ತಡಿಯ ಮಟ್ಟಿಗೆ ಅವನ ಲೆಕ್ಕ ಬಲು ಚೊಕ್ಕ.

ಮೊದಲ ತಕರಾರು ಆಳದ ಡೈವರ್‌ಗಳದು: ಹತ್ತಡಿಯಲ್ಲಿ ಮುಳುಗುವುದೂ ಒಂದು ಡೈವಿಂಗೇ, ಎದ್ದು ನಿಂತರೆ ಮುಗಿಯಿತಲ್ಲ ಎಂಬುದು. ಭೌತಶಾಸ್ತ್ರ ಇವರ ಕಡೆಗಿಲ್ಲ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆ. ಮೇಲಿನಿಂದ ಹತ್ತು ಮೀಟರಿಗೆ ಇಳಿದರೆ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಇನ್ನೂ ಹತ್ತು ಮೀಟರ್ ಇಳಿದರೆ ಅರ್ಧದಿಂದ ಮೂರನೆಯ ಒಂದಕ್ಕೆ ಬರುತ್ತದೆ, ಅಷ್ಟೆ. ಅಂದರೆ ಗಾಳಿ ಅತಿ ಹೆಚ್ಚು ತಂಟೆ ಮಾಡುವುದು ಮೇಲಿನ ಕೆಲವೇ ಮೀಟರಿನಲ್ಲಿ. ಒಂದು ದೊಡ್ಡ ಉಸಿರೆಳೆದರೆ ದೇಹ ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಮರಳು ಕೆದಕದೆ, ತಲೆ ಹೊರಹಾಕದೆ ಮೂರು ಮೀಟರಿನಲ್ಲಿ ನೆಟ್ಟಗಿರುವುದು ಮೂವತ್ತರಲ್ಲಿ ಇರುವುದಕ್ಕಿಂತ ನಾಜೂಕಿನ ಕೆಲಸ. ಸಿಲಿಂಡರಿನ ಗಾಳಿಯ ಲೆಕ್ಕವೂ ಹಾಗೆಯೇ. ಮೂವತ್ತು ಮೀಟರಿನಲ್ಲಿ ಒತ್ತಡ ನಾಲ್ಕು ಪಟ್ಟು, ಮೂರು ಮೀಟರಿನಲ್ಲಿ ಒಂದೂಕಾಲು ಪಟ್ಟಿಗಿಂತ ಚೂರು ಹೆಚ್ಚು. ಹಾಗಾಗಿ ಅದೇ ಸಿಲಿಂಡರ್ ಇಲ್ಲಿ ಮೂರು ಪಟ್ಟು ಹೊತ್ತು ಬಾಳುತ್ತದೆ. ನಲವತ್ತು ಮೀಟರಿಗೆ ಇಳಿದ ಸಾಹಸಿಗೆ ಸಾಮಾನ್ಯ ಕೋಷ್ಟಕಗಳು ಕೊಡುವ ಅವಧಿ ಹತ್ತು ನಿಮಿಷವೂ ಇಲ್ಲ, ಅದರಲ್ಲೂ ರಕ್ತಕ್ಕೆ ಸೇರಿದ ಸಾರಜನಕದ ಅಮಲು ಬೇರೆ. ಬಣ್ಣಗಳಲ್ಲಿ ಕೆಂಪು ಮೊದಲ ಕೆಲವು ಮೀಟರಿನಲ್ಲೇ ಮಾಯವಾಗುವುದರಿಂದ ಅವನಿಗೆ ಕಾಣುವುದೆಲ್ಲ ನೀಲಿ, ಬೂದು. ಅವನು ಅಮಲಿನಲ್ಲಿ ಬೂದುಬಣ್ಣವನ್ನು ಎಂಟು ನಿಮಿಷ ನೋಡಿ ಬಂದು, ತೊಂಬತ್ತು ನಿಮಿಷ ಪೂರ್ಣ ಬಣ್ಣದಲ್ಲಿ ನೋಡಿದವನನ್ನು ಗೇಲಿ ಮಾಡುತ್ತಾನೆ. ಇನ್ನು ‘ಎದ್ದು ನಿಂತರೆ ಮುಗಿಯಿತು’ ಎಂಬ ಮಾತಂತೂ ಅಪಾಯದ್ದು: ಸಿಲಿಂಡರಿನ ಗಾಳಿ ಎಳೆದು ಉಸಿರು ಕಟ್ಟಿ ಮೇಲೆದ್ದರೆ, ಒಂದೆರಡು ಮೀಟರಿನಿಂದಲೂ ಶ್ವಾಸಕೋಶ ಹರಿಯಬಲ್ಲದು.

ಎರಡನೆಯ ತಕರಾರು ನಿಸರ್ಗಪ್ರಿಯರದು: ತಂದು ಸುರಿದ ಕಲ್ಲು, ಅದರ ಸುತ್ತ ಜಮಾಯಿಸಿದ ಮೀನು, ಇದರಲ್ಲಿ ಪ್ರಕೃತಿ ಎಲ್ಲಿದೆ ಎಂಬುದು. ಈ ಮಾತಿಗೆ ಬಲವಿದೆ, ಅದಕ್ಕೆ ಸಾಕ್ಷಿ ಕೊಡಲು ಫ್ಲಾರಿಡಾವೇ ಸಾಕು. 1970ರ ದಶಕದಲ್ಲಿ ಫೋರ್ಟ್ ಲಾಡರ್‌ಡೇಲ್ ಎದುರಿನ ಕಡಲಿಗೆ ಹಳೆಯ ಟೈರುಗಳನ್ನು ಕಟ್ಟುಕಟ್ಟಾಗಿ ಇಳಿಸಿ ಆಸ್ಬೋರ್ನ್ ರೀಫ್ ಎಂದು ಹೆಸರಿಟ್ಟರು. ಟೈರುಗಳ ಸಂಖ್ಯೆ ಇಪ್ಪತ್ತು ಲಕ್ಷದವರೆಗೂ ಇತ್ತೆಂದು ಅಂದಾಜು. ಕಟ್ಟುಗಳು ತುಕ್ಕು ಹಿಡಿದು ಬಿಚ್ಚಿಕೊಂಡವು, ಟೈರುಗಳು ಅಲೆಗಳ ಜತೆ ಉರುಳಾಡಿ ಪಕ್ಕದ ನಿಜವಾದ ಹವಳವನ್ನೇ ಉಜ್ಜಿ ಹಾಕಿದವು. 2007ರಿಂದ ಸೇನೆಯ ಮುಳುಗುಗಾರರನ್ನು ಇಳಿಸಿ ಹೆಕ್ಕಿಸಬೇಕಾಯಿತು. ಕೀ ಲಾರ್ಗೋ ಬಳಿ 2002ರಲ್ಲಿ ಸ್ಪೀಗಲ್ ಗ್ರೋವ್ ಎಂಬ ನೌಕಾಪಡೆಯ ಹಳೆಯ ಹಡಗನ್ನು ಮುಳುಗಿಸಲು ಹೊರಟರೆ ಅದು ಹೇಳಿದ ಹೊತ್ತಿಗೆ ಮೊದಲೇ, ತಲೆಕೆಳಗಾಗಿ ಮುಳುಗಿ, ಮೂತಿಯನ್ನು ನೀರಿನ ಮೇಲೆ ಚಾಚಿಕೊಂಡು ನಿಂತಿತು. ಹರಸಾಹಸ ಮಾಡಿ ಮಗ್ಗುಲಿಗೆ ಮಲಗಿಸಿದರು. 2005ರಲ್ಲಿ ಡೆನ್ನಿಸ್ ಚಂಡಮಾರುತ ಬಂದು ಬಿಡಿಗಾಸು ಕೇಳದೆ ಅದನ್ನು ನೆಟ್ಟಗೆ ನಿಲ್ಲಿಸಿತು. ಆದರೆ ಇವೆಲ್ಲ ಹೇಳುವುದು ಕೃತಕ ಎಂಬುದೇ ಕೆಟ್ಟದ್ದು ಎಂದಲ್ಲ, ಕಸವನ್ನು ಕಡಲಿಗೆ ಹಾಕಿ ಪುಣ್ಯವೆಂದು ಕರೆಯಬಾರದು ಎಂದು. ಸುಣ್ಣಕಲ್ಲು ಉರುಳಾಡುವುದಿಲ್ಲ, ಕೊಳೆಯುವುದಿಲ್ಲ. ಬರೀ ಮರಳಿನ ತಳದಲ್ಲಿ ಅಂಟಿಕೊಳ್ಳಲು ನೆಲೆಯಿಲ್ಲದೆ ತೇಲಿ ಹೋಗುವ ಸ್ಪಂಜು, ಹವಳ, ಚಿಪ್ಪುಜೀವಿಗಳ ಮರಿಗಳಿಗೆ ಗಟ್ಟಿ ನೆಲ ಸಿಕ್ಕರೆ ಸಾಕು, ಗುತ್ತಿಗೆದಾರ ಯಾರು ಎಂದು ಅವು ವಿಚಾರಿಸುವುದಿಲ್ಲ. ಬ್ಲೂ ಹೆರಾನ್ ಸೇತುವೆಯ ಕಂಬಗಳೂ ಮೀನಿಗಾಗಿ ನೆಟ್ಟವಲ್ಲ, ಕಾರುಗಳಿಗಾಗಿ ನೆಟ್ಟವು. ಅವುಗಳ ಬುಡದಲ್ಲೇ ಕಡಲಕುದುರೆ, ಆಕ್ಟೋಪಸ್, ಫ್ರಾಗ್‌ಫಿಶ್‌ಗಳ ಕಾಯಂ ವಾಸ.

ಉಳಿಯುವ ಗಟ್ಟಿ ಪ್ರಶ್ನೆ ಒಂದೇ: ಇಂಥ ಬಂಡೆಸಾಲು ಹೊಸದಾಗಿ ಮೀನು ಬೆಳೆಸುತ್ತದೋ, ಅಲ್ಲಿ ಇಲ್ಲಿ ಇದ್ದ ಮೀನನ್ನು ಒಂದೆಡೆ ಸೇರಿಸುತ್ತದೋ? ವಿಜ್ಞಾನಿಗಳು ದಶಕಗಳಿಂದ ಇದನ್ನು ಚರ್ಚಿಸುತ್ತಿದ್ದಾರೆ, ಉತ್ತರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಸೇರಿಸುವುದರ ಅಪಾಯ ನಮ್ಮ ಕರಾವಳಿಯವರಿಗೆ ಹೊಸದಲ್ಲ. ತೆಂಗಿನ ಹೊಂಬಾಳೆ ಕಟ್ಟಿ ಕಡಲ ತಳಕ್ಕೆ ಬಿಟ್ಟು, ಅದಕ್ಕೆ ಮೊಟ್ಟೆಯಿಡಲು ಬರುವ ಕಪ್ಪೆ ಬೊಂಡಾಸ್ ಎಂಬ ಕಡಲಜೀವಿಯನ್ನು ಹಿಡಿಯುವ ಕ್ರಮ ಬಂದಾಗ ಟ್ರಾಲ್ ಬೋಟಿನವರಿಗೂ ಗಾಳದವರಿಗೂ ಜಗಳ ಹತ್ತಿದ್ದು ಇದೇ ಕಾರಣಕ್ಕೆ. ಒಂದೆಡೆ ಸೇರಿದ ಮೀನು ಸುಲಭದ ತುತ್ತು. ಅಂದ ಮೇಲೆ ಕೃತಕ ಬಂಡೆಸಾಲಿನ ಒಳಿತು ಕೆಡುಕು ನಿಂತಿರುವುದು ಅಲ್ಲಿಗೆ ಯಾರು ಏನು ಹಿಡಿದುಕೊಂಡು ಬರುತ್ತಾರೆ ಎಂಬುದರ ಮೇಲೆ. ಬಲೆ ಹಿಡಿದು ಬಂದರೆ ಅದು ಬೋನು, ಕ್ಯಾಮೆರಾ ಹಿಡಿದು ಬಂದರೆ ಅಷ್ಟರ ಮಟ್ಟಿಗೆ ಆಶ್ರಯ. ಕ್ಯಾಮೆರಾದ ಮಿಂಚು ಮೀನಿನ ಕಣ್ಣು ಕುಕ್ಕುವುದಿಲ್ಲವೇ ಎಂದರೆ, ಕಡಲಕುದುರೆಯಂಥ ತಳವಾಸಿ ಮೀನುಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಮುಳುಗುಗಾರ ಸುಮ್ಮನೆ ಎದುರಿಗಿದ್ದಾಗ ಆಗುವುದಕ್ಕಿಂತ ಹೆಚ್ಚಿನ ಗಾಬರಿ ಮಿಂಚಿನಿಂದ ಆಗಲಿಲ್ಲ. ಅವುಗಳನ್ನು ಕಂಗೆಡಿಸುವುದು ಮುಟ್ಟುವ ಕೈ, ತಿವಿಯುವ ಕಡ್ಡಿ.

ಆ ಕಡ್ಡಿಯ ಹತ್ತಿರವೇ ನಮ್ಮ ವೀರ ನಿಜಕ್ಕೂ ನಗೆಗೀಡಾಗುತ್ತಾನೆ. ಆಳದ ಜಂಬ ಬಿಟ್ಟವನು ಒಡೆತನದ ಜಂಬ ಹಿಡಿದಿರುತ್ತಾನೆ. ಫ್ರಾಗ್‌ಫಿಶ್ ಸ್ಪಂಜಿನ ಹಾಗೆ ವೇಷ ಹಾಕಿ, ಹಣೆಯ ಮೇಲಿನ ಗಾಳವನ್ನು ಆಡಿಸುತ್ತಾ ದಿನಗಟ್ಟಲೆ ಒಂದೇ ಕಡೆ ಕೂರುವ ಮೀನು. ಅದನ್ನು ಪತ್ತೆ ಹಚ್ಚಿದವನು ‘ನನ್ನ ಫ್ರಾಗ್‌ಫಿಶ್’ ಎನ್ನುತ್ತಾನೆ. ಯಾವ ಕಂಬದ ಬಳಿ ಎಂದು ಗೆಳೆಯ ಕೇಳಿದರೆ ಪೂರ್ವಕ್ಕೆ ಕೈ ತೋರಿಸಿ ತಾನು ಪಶ್ಚಿಮಕ್ಕೆ ಈಜುತ್ತಾನೆ. ಗುಟ್ಟು ಒಡೆದ ದಿನ ಹೆಬ್ಬೆರಳ ಗಾತ್ರದ ಆ ಬಡಪಾಯಿಯ ಮುಂದೆ ಆರು ಜೋಡಿ ದೀಪ, ಹನ್ನೆರಡು ಕಾಲುರೆಕ್ಕೆ, ಎಬ್ಬಿಸಿದ ಮರಳಿನ ದೂಳು. ಇನ್ನೊಬ್ಬನ ರೆಕ್ಕೆಯಿಂದ ಮರಳು ಎದ್ದರೆ ಅದು ಅನಾಗರಿಕತೆ, ತನ್ನದರಿಂದ ಎದ್ದರೆ ಸೆಳೆತದ ತಪ್ಪು. ಮೀನು ಮುಖ ತಿರುಗಿಸಿ ಕೂತರೆ ಕಡ್ಡಿಯಿಂದ ‘ಸ್ವಲ್ಪವೇ’ ಸರಿಸುವ ಆಸೆ ಹುಟ್ಟುವುದು ಇಲ್ಲೇ. ಕಾಯಲು ಬಂದವನು ಕಾಯುವುದನ್ನು ಬಿಟ್ಟ ಗಳಿಗೆಯಲ್ಲಿ ಅವನ ಪರ ಹೂಡಿದ ವಾದವೆಲ್ಲ ಬಿದ್ದುಹೋಗುತ್ತದೆ. ತೊಂಬತ್ತು ನಿಮಿಷದ ಗಾಳಿ ಇದ್ದೂ ಅವಸರ ಮಾಡಿದರೆ ಹತ್ತಡಿಗೆ ಇಳಿದ ಪುಣ್ಯ ಎಲ್ಲಿ ಉಳಿಯಿತು?

ಹಾಗಿದ್ದೂ ತೂಗಿ ನೋಡಿದರೆ ತಕ್ಕಡಿ ಅವನ ಕಡೆಗೇ ವಾಲುತ್ತದೆ. ಆಳದ ಸಾಹಸಿ ಹಡಗಿನಿಂದ ಹಡಗಿಗೆ ಹಾರುತ್ತಾನೆ. ಇವನು ಅದೇ ಕಲ್ಲಿಗೆ ವರ್ಷವಿಡೀ ಮರಳಿ ಬರುತ್ತಾನೆ. ಯಾವ ತಿಂಗಳಲ್ಲಿ ಯಾವ ಮೀನು ಬಾಯಲ್ಲಿ ಮೊಟ್ಟೆ ಹೊರುತ್ತದೆ, ಯಾವ ಚಿಪ್ಪಿಲ್ಲದ ಬಸವನಹುಳು ಯಾವ ಪಾಚಿಯ ಮೇಲೆ ಮೇಯುತ್ತದೆ ಎಂಬುದು ತಾರೀಖಿನ ಸಮೇತ ಅವನ ಚಿತ್ರಗಳಲ್ಲಿರುತ್ತದೆ. ಫ್ಲಾರಿಡಾದ ರೀಫ್ ಎಂಬ ಸಂಸ್ಥೆ 1993ರಿಂದ ಹವ್ಯಾಸಿಗಳ ಕೈಯಲ್ಲೇ ಮೀನುಗಣತಿ ಮಾಡಿಸುತ್ತಿದೆ. ಇಂಥ ಗಣತಿಗೆ ಬೇಕಾದ್ದು ಗುಂಡಿಗೆಯಲ್ಲ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಚಟ. ಆ ಚಟಕ್ಕೆ ಸಂಬಳ ಕೊಡುವ ಸರ್ಕಾರ ಯಾವುದೂ ಇಲ್ಲ. ‘ನನ್ನ ಫ್ರಾಗ್‌ಫಿಶ್’ ಎಂಬ ಅವನ ಜಂಬವೇ ಅದಕ್ಕೆ ಬಂಡವಾಳ. ಜಂಬ ಬಿಡಿಸಿದರೆ ಅವನು ಮನೆಯಲ್ಲೇ ಕೂರುತ್ತಾನೆ, ದಾಖಲೆಯೂ ನಿಲ್ಲುತ್ತದೆ. ಆದ್ದರಿಂದ ಅವನ ಕೈಯ ಕಡ್ಡಿಯನ್ನು ಕಿತ್ತುಕೊಂಡು, ಜಂಬವನ್ನು ಅವನಿಗೇ ಬಿಡುವುದು ಒಳ್ಳೆಯ ಏರ್ಪಾಡು. ನಗಬೇಕೆಂದಿರುವವರು ಅವನು ನೀರಿನಲ್ಲಿರುವಾಗಲೇ ನಕ್ಕು ಮುಗಿಸಿಕೊಳ್ಳುವುದು ಕ್ಷೇಮ. ಮೇಲೆ ಬಂದು, ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ‘ನಾಲ್ಕೇ ನಾಲ್ಕು ಚಿತ್ರ ತೋರಿಸ್ತೀನಿ ಬನ್ನಿ’ ಎಂದು ಶುರುಮಾಡಿದರೆ ಮುಂದಿನ ಉಬ್ಬರದವರೆಗೂ ಬಿಡುಗಡೆಯಿಲ್ಲ.