ಖಾಲಿ ಕುರ್ಚಿಯವರ ಸನ್ನಿಧಾನಕ್ಕೆ, ಕಣಕಟ್ಟೆಯಿಂದ

ಇವರಿಗೆ,
ಮಾನ್ಯ ಖಾಲಿ ಕುರ್ಚಿಯವರು,
ಸದಸ್ಯರ ಸಾಲು, ತಾಲ್ಲೂಕು ಪಂಚಾಯಿತಿ, ಅರಸೀಕೆರೆ.

ಪ್ರತಿ: ಹಾಸನದ ಜಿಲ್ಲಾ ಪಂಚಾಯಿತಿಯಲ್ಲಿರುವ ತಮ್ಮ ದಾಯಾದಿಗಳಿಗೆ, ಮಾಹಿತಿಗಾಗಿ.
ದಿನಾಂಕ: ಆಗಸ್ಟ್ 2025
ವಿಷಯ: ಪ್ರಶ್ನೆ ಕೇಳುವವರು ಇಲ್ಲದಿರುವ ಬಗ್ಗೆ.

ಮಾನ್ಯರೇ,

ಕಣಕಟ್ಟೆ ಹೋಬಳಿಯ ಮತದಾರರು ಮೊದಲು ತಮ್ಮನ್ನು ಅಭಿನಂದಿಸುತ್ತಾರೆ. 2016ರ ಫೆಬ್ರುವರಿಯಲ್ಲಿ ಗೆದ್ದು ಬಂದ ಸದಸ್ಯರು ಐದೇ ವರ್ಷಕ್ಕೆ ಎದ್ದು ಹೋದರು. 2021ರ ಬೇಸಿಗೆಯಲ್ಲಿ ಅವರ ಅವಧಿ ಮುಗಿದಂದಿನಿಂದ ತಾವು ಒಂದು ಓಟು ಕೇಳದೆ, ಒಂದು ಫ್ಲೆಕ್ಸ್ ಕಟ್ಟಿಸದೆ, ಯಾರ ಮನೆಯ ಮದುವೆಯಲ್ಲೂ ಮುಯ್ಯಿ ಓದಿಸದೆ ನಾಲ್ಕು ವರ್ಷ ದಾಟಿಸಿದ್ದೀರಿ. ಇಷ್ಟು ಅಗ್ಗದ ಜನಪ್ರತಿನಿಧಿ ಈ ಸೀಮೆಗೆ ಹಿಂದೆಂದೂ ಸಿಕ್ಕಿರಲಿಲ್ಲ.

ತಮ್ಮ ನಡತೆಯಲ್ಲಿ ಕುಂದು ಹುಡುಕುವುದೂ ಕಷ್ಟ. ಮನುಷ್ಯ ಸದಸ್ಯರು ಮೇಜು ಕುಟ್ಟುತ್ತಾರೆ, ತಾವು ಕುಟ್ಟುವುದಿಲ್ಲ. ಅವರಿಗೆ ಭತ್ಯೆ, ಕಾಫಿ, ಉದ್ದಿನವಡೆ ಆಗಬೇಕು. ತಮಗೆ ವಾರಕ್ಕೊಮ್ಮೆ ಧೂಳು ಹೊಡೆದರೆ ಅದೇ ಹೆಚ್ಚು. ತಾವು ಎಂದೂ ಗೈರಾಗುವವರಲ್ಲ, ಹಾಗಾಗಿ ಕೋರಂ ಇಲ್ಲವೆಂದು ಸಭೆ ಮುಂದೂಡುವ ರಗಳೆಯಿಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದ ಮೇಲೆ ನಾಡಿನ ಎಷ್ಟೋ ಪಂಚಾಯಿತಿಗಳ ಬಾಗಿಲಲ್ಲಿ ‘ಮೇಡಂ ಅವರ ಯಜಮಾನರು’ ಎಂಬ ಹೊಸ ಹುದ್ದೆಯೊಂದು ಹುಟ್ಟಿಕೊಂಡಿತ್ತು. ಕುರ್ಚಿಗೆ ಯಜಮಾನರಿಲ್ಲ, ಆ ಹುದ್ದೆಯೂ ಹೋಯಿತು.

ಇರುವುದು ಒಂದೇ ಕೊರತೆ. ತಾವು ಪ್ರಶ್ನೆ ಕೇಳುವುದಿಲ್ಲ.

ಪ್ರಶ್ನೆ ಅಂದರೆ ಘನಂದಾರಿ ಸಂಗತಿಯೇನಲ್ಲ. ಸಾಮಾನ್ಯ ಸಭೆ ಯಾವ ತಾಲ್ಲೂಕಿನದ್ದಾದರೂ ಅದರ ಶಾಸ್ತ್ರ ಒಂದೇ. ಹಿಂದಿನ ಸಭೆಯ ನಡಾವಳಿ ಓದುತ್ತಾರೆ, ಅದರ ಮೇಲಿನ ಅನುಪಾಲನಾ ವರದಿ ಮಂಡಿಸುತ್ತಾರೆ. ಆಮೇಲೆ ಕೃಷಿ, ತೋಟಗಾರಿಕೆ, ಪಶುಸಂಗೋಪನೆ, ಬಿಇಒ, ತಾಲ್ಲೂಕು ಆರೋಗ್ಯಾಧಿಕಾರಿ, ಸೆಸ್ಕ್ ಎಂಜಿನಿಯರ್ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಇಲಾಖೆಯ ಪ್ರಗತಿ ಓದುತ್ತಾರೆ. ಪ್ರಗತಿಗೆ ಯಾವಾಗಲೂ ಶೇಕಡಾವಾರು ಇರುತ್ತದೆ, ಊರಿನ ಹೆಸರು ಇರುವುದಿಲ್ಲ. ಸದಸ್ಯರು ಅಡ್ಡ ಬಾಯಿ ಹಾಕುತ್ತಿದ್ದದ್ದು ಅಲ್ಲೇ.

“ಸ್ವಾಮಿ, ಕಪ್ಪುತಲೆ ಹುಳಕ್ಕೆ ಪರೋಪಜೀವಿ ಬಿಟ್ಟಿದೀವಿ ಅಂದ್ರಲ್ಲ, ಯಾವೂರ ತೋಟದಲ್ಲಿ ಬಿಟ್ರಿ?”

ಅಧಿಕಾರಿ ಪುಟ ತಿರುವುತ್ತಾರೆ. ಹಿಂದೆ ಕೂತ ಸಹಾಯಕನ ಕಡೆ ನೋಡುತ್ತಾರೆ. “ಮಾಹಿತಿ ತರಿಸಿ ಕೊಡ್ತೀನಿ ಸಾರ್.”

“ಮುಂದಿನ ಸಭೇಲಿ ಅನುಪಾಲನೆ ಬರ್ಲಿ. ನಡಾವಳೀಲಿ ಬರ್ಕೊಳ್ರಿ.”

ಅಷ್ಟೇ. ಮುಂದಿನ ಸಭೆಯ ಅನುಪಾಲನೆಯಲ್ಲಿ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದೇ ಬರುತ್ತಿತ್ತು ಅನ್ನಿ. ಆದರೂ ಎರಡನೇ ಸಲ ಅದನ್ನೇ ಓದುವಾಗ ಓದುವವರ ದನಿ ಒಂದು ಗುಲಗಂಜಿಯಷ್ಟಾದರೂ ತಗ್ಗುತ್ತಿತ್ತು. ಗರಿಗಳು ಬೆಂಕಿಗೆ ಹಿಡಿದಂತೆ ಒಣಗಿ ನೇತಾಡುವುದನ್ನು ನೋಡಿದ ತೆಂಗಿನ ಬೆಳೆಗಾರನಿಗೆ ಆ ಗುಲಗಂಜಿಯ ತೂಕ ಗೊತ್ತು. ಈಗ ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿ ಇದ್ದಾರೆ. ಅಧಿಕಾರಿ ಓದುತ್ತಾರೆ, ಅಧಿಕಾರಿ ಕೇಳುತ್ತಾರೆ, ಅಧಿಕಾರಿಯೇ ಬರೆದುಕೊಳ್ಳುತ್ತಾರೆ. ಸಭೆ ಬೇಗ ಮುಗಿಯುತ್ತದೆ.

ತಾವು ಸಭಾಂಗಣ ಬಿಟ್ಟು ಹೊರಗೆ ಬರುವವರಲ್ಲವಾದ್ದರಿಂದ ಹೊರಗಿನ ಒಂದು ಬೆಳಗನ್ನು ಇಲ್ಲಿ ನಿವೇದಿಸಿಕೊಳ್ಳಲಾಗಿದೆ. ಊರಿನ ಹೆಸರು ಬೇಡ. ಈ ಕಡೆಯ ಯಾವ ಊರಾದರೂ ಆದೀತು. ಹೊತ್ತು ಆರೂವರೆ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು. ಅಜ್ಜಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ನಾಣ್ಯ ತೆಗೆದು ಕಿಂಡಿಗೆ ಹಾಕುತ್ತಾಳೆ. ನಾಣ್ಯ ಒಳಗೆ ಟಣ್ಣೆಂದು ಬೀಳುತ್ತದೆ, ನೀರು ಮಾತ್ರ ಬೀಳುವುದಿಲ್ಲ. ಅಂಗೈಯಿಂದ ಡಬ್ಬಿಗೆ ಎರಡು ಏಟು ಕೊಡುತ್ತಾಳೆ. ಹಿಂದೆ ನಿಂತ ಹುಡುಗ, “ಅಜ್ಜಿ, ಫಿಲ್ಟ್ರು ಹೋಗೈತೆ. ಬೋರ್ಡ್ ಹಾಕಿದ್ರು, ಗಾಳಿಗೆ ಬಿದ್ದೋಯ್ತು” ಅನ್ನುತ್ತಾನೆ. “ಮೊದ್ಲೇ ಹೇಳಕೇನಾಗಿತ್ತೋ, ಅಯ್ದು ರೂಪಾಯಿ ನುಂಗ್ತಲ್ಲೋ” ಎಂದು ಬೈಯುತ್ತ ಅಜ್ಜಿ ಕ್ಯಾನನ್ನು ಕಂಕುಳಿಗೇರಿಸಿ ಹಳೇ ಕೊಳವೆಬಾವಿಯ ತೊಂಬೆಯ ಕಡೆ ನಡೆಯುತ್ತಾಳೆ.

ಆ ತೊಂಬೆಯ ನೀರು ಕುಡಿಯಬಾರದು ಎಂದೇ ಘಟಕ ಕೂರಿಸಿದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರಕೂಡದೆಂದು ಮಾನಕ ಹೇಳುತ್ತದೆ. ಅರಸೀಕೆರೆ ಸೀಮೆಯ ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ ಫ್ಲೋರೈಡಿನ ಕಾಟ ಅಂಟಿಕೊಂಡೇ ಬಂದಿದೆ. ಅಂಥ ನೀರು ಕುಡಿದು ಬೆಳೆದ ಮಗು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಅರಸಿಯ ಕೆರೆಯಿಂದ ಹೆಸರು ಪಡೆದ ತಾಲ್ಲೂಕಿನಲ್ಲಿ ನೀರಿನ ಮಾತು ಈ ಮಟ್ಟಕ್ಕೆ ಬಂತು.

ಇನ್ನು ಆ ಘಟಕದ ಪ್ರಶ್ನೆ ಹೇಗೆ ಪ್ರಯಾಣ ಮಾಡುತ್ತದೆಂಬುದನ್ನು ತಾವು ದಯಮಾಡಿ ಗಮನಿಸಬೇಕು. 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದದ್ದರಿಂದ ಗ್ರಾಮ ಪಂಚಾಯಿತಿಗಳಲ್ಲಿ ಮನುಷ್ಯ ಸದಸ್ಯರೇ ಇದ್ದಾರೆ. ವಾರ್ಡಿನವರು ಸದಸ್ಯನನ್ನು ಹಿಡಿದು ಕೇಳುತ್ತಾರೆ, ಸದಸ್ಯ ಸಭೆಯಲ್ಲಿ ಅಧ್ಯಕ್ಷರನ್ನು ಕೇಳುತ್ತಾನೆ, ಅಧ್ಯಕ್ಷರು ಪಿಡಿಒ ಮುಖ ನೋಡುತ್ತಾರೆ, ಪಿಡಿಒ “ತಾಲ್ಲೂಕಿಗೆ ಬರ್ದಿದೀವಿ” ಅನ್ನುತ್ತಾರೆ. ಅಲ್ಲಿಂದ ಪ್ರಶ್ನೆ ಬಸ್ಸು ಹತ್ತಿ ಅರಸೀಕೆರೆಗೆ ಬಂದು ಮೆಟ್ಟಿಲೇರಿ ತಮ್ಮ ಮೇಲೆ ಕೂರುತ್ತದೆ. ಕೂತದ್ದು ಏಳುವುದಿಲ್ಲ.

ಜಲಜೀವನ ಮಿಷನ್ನಿನ ಪೈಪಿಗಾಗಿ ಅಗೆದ ಸಿ.ಸಿ. ರಸ್ತೆಯ ಪ್ರಶ್ನೆಯೂ ಹೀಗೇ ಬಂದು ಕೂತಿರಬಹುದು. ತಲೆಗೆ ದಿನಕ್ಕೆ 55 ಲೀಟರ್ ಎಂಬುದು 2019ರಲ್ಲಿ ಕೊಟ್ಟ ಮಾತು. ಗಡುವು 2024 ಎಂದಿದ್ದದ್ದು ಈಗ 2028ಕ್ಕೆ ಹೋಗಿದೆ. ನಲ್ಲಿ ಬಂದಿರುವ ಬೀದಿಯಲ್ಲಿ ನೀರೆಲ್ಲಿ ಎಂದು ಕೇಳಬೇಕು, ನೀರು ಬಂದಿರುವ ಬೀದಿಯಲ್ಲಿ ಗುಂಡಿ ಮುಚ್ಚುವವರು ಯಾರೆಂದು ಕೇಳಬೇಕು.

ಶಾಸಕರು ಕೆಡಿಪಿ ಸಭೆಯಲ್ಲಿ ಕೇಳುತ್ತಾರಲ್ಲ ಎನ್ನಬಹುದು. ಕೇಳುತ್ತಾರೆ. ಆದರೆ ಮೂರು ತಿಂಗಳಿಗೊಮ್ಮೆ ಕೂರುವ ಸಭೆಯಲ್ಲಿ ಐದು ಹೋಬಳಿಯ ತಾಲ್ಲೂಕನ್ನು ಒಬ್ಬರೇ ಕೇಳಿ ಮುಗಿಸಬೇಕು. ಅವರ ಮುಂದೆ ಎತ್ತಿನಹೊಳೆ ನೀರಿನ ಯೋಜನೆಯಂಥ ಪ್ರಶ್ನೆಗಳಿವೆ: 12,912 ಕೋಟಿಯ ಅಂದಾಜು 23,251 ಕೋಟಿಗೆ ಏರಿದ್ದು, 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಹೆಬ್ಬನಹಳ್ಳಿಯಲ್ಲಿ ಗಂಗೆಪೂಜೆ ಆದದ್ದು, ಕಾಲುವೆ ಪೂರ್ತಿಯಾಗದೆ ನೀರನ್ನು ವೇದಾವತಿಯ ಕಡೆ ತಿರುಗಿಸಿದ್ದು. ಅದರ ಬಗ್ಗೆ ಬಾಯಿ ಬಿಡುವವರಿಗೆ ಬರಗಾಲವಿಲ್ಲ. ಐದು ರೂಪಾಯಿ ನುಂಗಿದ ಡಬ್ಬಿಯನ್ನು ಕೇಳುವಷ್ಟು ಸಣ್ಣ ಮನುಷ್ಯ ಬೇಕಾಗಿದ್ದಾನೆ, ಅವನ ಜಾಗದಲ್ಲಿ ತಾವಿದ್ದೀರಿ.

ತಾವು ಅಲ್ಲಿಗೆ ಬಂದು ಕೂತದ್ದು ತಮ್ಮ ತಪ್ಪಲ್ಲ ಎಂಬುದನ್ನು ಈ ಪತ್ರ ಒಪ್ಪುತ್ತದೆ. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ರಾಜ್ಯ ಚುನಾವಣಾ ಆಯೋಗ 2021ರಲ್ಲಿ ಕ್ಷೇತ್ರ ವಿಂಗಡಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗಿನ ಬಿಜೆಪಿ ಸರ್ಕಾರ ಕಾಯ್ದೆ ತಿದ್ದಿ ವಿಂಗಡಣೆಯ ಕೆಲಸವನ್ನು ಆಯೋಗದ ಕೈಯಿಂದ ಕಿತ್ತು ಹೊಸದೊಂದು ಆಯೋಗಕ್ಕೆ ಕೊಟ್ಟಿತು. ತಡ ಮಾಡಿದ್ದಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಎರಡು ಪಕ್ಷಗಳಿಗೂ ಕೂಡಿ ಬಂದ ವಿಚಾರ ಕಡಿಮೆ. ತಮ್ಮನ್ನು ಖಾಲಿ ಇಡುವ ವಿಚಾರದಲ್ಲಿ ಮಾತ್ರ ಒಮ್ಮತ ಕಾಣುತ್ತದೆ. 2021ರ ಆರಂಭದಲ್ಲಂತೂ ತಾಲ್ಲೂಕು ಪಂಚಾಯಿತಿಯನ್ನೇ ರದ್ದು ಮಾಡುವ ಮಾತು ಎದ್ದಿತ್ತು. ರದ್ದು ಮಾಡಲು ಸಂವಿಧಾನ ತಿದ್ದಬೇಕು, ಅದು ದೊಡ್ಡ ತಲೆನೋವು. ಮುಂದೂಡುವುದಕ್ಕೆ ಅಂಥ ಶ್ರಮವಿಲ್ಲ. ಚುನಾಯಿತ ಮಂಡಳಿ ಇಲ್ಲದಿದ್ದರೆ 15ನೇ ಹಣಕಾಸು ಆಯೋಗದ ಅನುದಾನಕ್ಕೆ ಕತ್ತರಿ ಎಂಬ ಷರತ್ತಿದ್ದರೂ ಯಾರೂ ಬೆಚ್ಚಿದಂತಿಲ್ಲ.

ತಮ್ಮ ವಂಶಕ್ಕೂ ಇದು ಹೊಸದಲ್ಲ. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಮನುಷ್ಯ ಅವರು. ಆಗ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯರು. ಐದು ವರ್ಷ ಕಳೆದು 1992ರಲ್ಲಿ ಅವಧಿ ಮುಗಿದದ್ದೇ ತಡ, ತಮ್ಮ ಹಿರೀಕರು ಬಂದು ಕೂತರು. 1995ರ ತನಕ ಎದ್ದಿರಲಿಲ್ಲ. ಬೆಂಗಳೂರಿನ ತಮ್ಮ ನೆಂಟರು ಇನ್ನೂ ಗಟ್ಟಿ: ಪಾಲಿಕೆಯಲ್ಲಿ 2020ರ ಸೆಪ್ಟೆಂಬರ್‌ನಿಂದ ಅಲುಗಾಡಿಲ್ಲ.

ಹೊರದೇಶದ ಸುದ್ದಿಯೂ ಒಂದಿಷ್ಟು ತಮ್ಮ ಕಿವಿಗಿರಲಿ. ಇಂಗ್ಲೆಂಡಿನ ಊರು ಕೌನ್ಸಿಲ್ಲುಗಳಲ್ಲಿ ಸದಸ್ಯರು ಕೌನ್ಸಿಲ್ಲಿನ ನಾಯಕನಿಗೆ ಮುಂಚಿತವಾಗಿ ಬರೆದುಕೊಟ್ಟು ಪ್ರಶ್ನೆ ಕೇಳುವ ಪದ್ಧತಿ ಇದೆ. ಉತ್ತರ ಸಾಲದಿದ್ದರೆ ಮೇಲೊಂದು ಉಪಪ್ರಶ್ನೆ. ಕೇಳುವುದು ರಸ್ತೆ ಗುಂಡಿ, ಕಸದ ಬುಟ್ಟಿ, ಗ್ರಂಥಾಲಯದ ವೇಳೆ. ಅಲ್ಲಿಯ ಉತ್ತರಗಳೂ ‘ಪರಿಶೀಲಿಸಲಾಗುವುದು’ ಜಾತಿಯವೇ ಇರಬಹುದು, ಆ ಮಾತು ಬೇರೆ. ಕೇಳುವ ಜಾಗದಲ್ಲಿ ಮನುಷ್ಯರಿರುತ್ತಾರೆ.

ಕಣಕಟ್ಟೆಯವರಿಗೆ ಹೆಸರಲ್ಲೇ ಕಟ್ಟೆ ಇದೆ, ಹಾಗಾಗಿ ಸಭಾಂಗಣದಿಂದ ಹೊರಬಿದ್ದ ಪ್ರಶ್ನೆಗಳೆಲ್ಲ ಸದ್ಯಕ್ಕೆ ಅರಳಿಕಟ್ಟೆಯ ಮೇಲೆ ಕೂತಿವೆ. ಅಲ್ಲಿ ನಡಾವಳಿ ಬರೆಯುವವರಿಲ್ಲ, ಅನುಪಾಲನೆ ಕೇಳುವವರಿಲ್ಲ, ಎಲೆಅಡಿಕೆ ಮುಗಿಯುವ ತನಕ ಚರ್ಚೆ. ಆದ್ದರಿಂದ ತಮ್ಮಲ್ಲಿ ಸಣ್ಣ ವಿನಂತಿ. ಮುಂದಿನ ಸಭೆಯಲ್ಲಿ ಕುಡಿಯುವ ನೀರಿನ ಪ್ರಗತಿ ಓದುವಾಗ, ಯಾವ ಶೇಕಡಾವಾರು ಬಂದರೂ ಸರಿ, ಒಂದು ಸಲ ಕಿರ್ ಎನ್ನಬೇಕು. ತಿರುಪು ಸಡಿಲವಾಗಿದ್ದರೆ ಅಷ್ಟು ಸಾಧ್ಯ. ಓದುವವರು ತಲೆ ಎತ್ತಿ ನೋಡಿದರೆ, ಅಜ್ಜಿಯ ಐದು ರೂಪಾಯಿಯ ವಿಷಯವನ್ನು ನಡಾವಳಿಯಲ್ಲಿ ಬರೆಸುವುದು.

ಇಂತಿ,
ಕಣಕಟ್ಟೆ ಹೋಬಳಿಯ ಮತದಾರರು

ಲಗತ್ತು: ಗಾಳಿಗೆ ಬಿದ್ದ ಬೋರ್ಡು, ಒಂದು.