ನೋಡಿದ ಜಾಗಕ್ಕೇ ಮತ್ತೆ

ಮಸ್ಕತ್ತಿನಲ್ಲಿ ನಮ್ಮ ಕಡೆಯವರು ಸಿಕ್ಕಿದರೆ ಕೇಳಿ ನೋಡಿ ಮಾರಾಯ್ರೆ, ಹತ್ತು ಹದಿನೈದು ವರ್ಷ ಇದ್ದವರಲ್ಲೂ ನಿಜ್ವಾದ ಕೋಟೆ ನೋಡದವರು ಎಷ್ಟೋ ಮಂದಿ. ನಿಜ್ವಾ ದೂರವೇನಲ್ಲ, ಹೆಚ್ಚೆಂದರೆ ಎರಡು ಗಂಟೆಯ ದಾರಿ. ಆದರೆ ಊರಲ್ಲಿ ಮನೆ ಕಟ್ಟಬೇಕು, ತಂಗಿಯ ಮದುವೆ ಆಗಬೇಕು, ಮಕ್ಕಳ ಫೀಸು ಕಟ್ಟಬೇಕು. ತಿರುಗಾಟ ಎಲ್ಲ ಆಮೇಲೆ ಅಂತ ಮುಂದೆ ಹಾಕಿ ಹಾಕಿ, ಒಂದು ದಿನ ಕೆಲಸ ಮುಗಿದ ಕಾಗದ ಕೈಗೆ ಬರುತ್ತದೆ. ಗಲ್ಫಿನಲ್ಲಿ ನಮ್ಮಂಥವರ ವೀಸಾ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋಯಿತೆಂದರೆ ಗಂಟುಮೂಟೆ ಕಟ್ಟಲೇಬೇಕು. ಆಗ ಉಳಿದ ನಾಲ್ಕು ದಿನದಲ್ಲಿ ಕಾರು ಮಾರುವುದೋ, ಮಕ್ಕಳ ಟಿ.ಸಿ. ತೆಗೆಸುವುದೋ, ದೇಶ ನೋಡುವುದೋ? ಹೀಗೆ ಹೋದವರನ್ನು ನಮ್ಮ ಕಟ್ಟಡದಲ್ಲೇ ಕಂಡು ತುಂಬ ಬೇಸರವಾಗಿತ್ತು. ಉಳಿತಾಯ ಒಂದಿಷ್ಟು ಕಡಿಮೆಯಾದರೂ ಅಡ್ಡಿಯಿಲ್ಲ, ಇರುವಷ್ಟು ದಿನ ಇಲ್ಲಿ ಸುತ್ತಾಡಿಯೇ ಸೈ ಅಂತ ನಾನೂ ನನ್ನ ಹೆಂಡತಿಯೂ ಗಟ್ಟಿ ಮಾಡಿಕೊಂಡೆವು.

2013ರ ಮೇ ತಿಂಗಳಿನಿಂದ ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ರಾತ್ರಿಯೇ ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿಟ್ಟು, ಶುಕ್ರವಾರ ನಸುಕಿಗೆ ಹೊರಟರೆ ರಸ್ತೆ ಖಾಲಿ. ಪ್ರವಾಸಕ್ಕೆಂದು ಬಂದವರಿಗೆ ಒಂದು ಪಟ್ಟಿ ಇರುತ್ತದೆ. ಸುಲ್ತಾನ್ ಕಾಬೂಸ್ ಮಸೀದಿ, ಮುತ್ರಾದ ಸೂಕ್ ಎಂಬ ಪೇಟೆ, ವಾದಿ ಶಾಬ್, ಒಂದು ರಾತ್ರಿ ಮರಳುಗಾಡು, ಅಲ್ಲಿಗೆ ಮುಗಿಯಿತು. ಅವರದು ತಪ್ಪಲ್ಲ, ಇರುವುದೇ ಐದಾರು ದಿನ. ಅಲ್ಲೇ ಮನೆ ಮಾಡಿಕೊಂಡಿರುವವರಿಗೆ ಮಾತ್ರ ಇನ್ನೊಂದು ಭಾಗ್ಯ ಉಂಟು: ನೋಡಿದ ಜಾಗಕ್ಕೇ ಮತ್ತೆ ಹೋಗಬಹುದು. ನಾವು ಹೊಸ ಹೊಸ ಜಾಗ ಹುಡುಕಿದ್ದಕ್ಕಿಂತ ಹಳೆಯ ಜಾಗಕ್ಕೇ ಹೋದದ್ದು ಹೆಚ್ಚು.

ವಾದಿ ಶಾಬನ್ನೇ ತೆಗೆದುಕೊಳ್ಳಿ, ವಾದಿ ಅಂದರೆ ಬೆಟ್ಟದ ನಡುವಿನ ಹಳ್ಳ. ಸೂರ್ ಕಡೆಗೆ ಹೋಗುವ ಹೆದ್ದಾರಿಯ ಸೇತುವೆಯ ಕೆಳಗೆ ಒಂದು ಸಣ್ಣ ದೋಣಿ ನಿಂತಿರುತ್ತದೆ, ಅದರಲ್ಲಿ ಆಚೆ ದಡಕ್ಕೆ ದಾಟಬೇಕು. ಆಮೇಲೆ ಎರಡೂ ಕಡೆ ಗೋಡೆಯಂತೆ ಎದ್ದ ಬಂಡೆಗಳ ನಡುವೆ ಮುಕ್ಕಾಲು ಗಂಟೆ ನಡಿಗೆ. ಖರ್ಜೂರದ ಮರ, ಬಾಳೆ, ಹಸಿರು ನೀರಿನ ಗುಂಡಿಗಳು. ಕಟ್ಟಕಡೆಯ ಗುಂಡಿಯಲ್ಲಿ ಬಂಡೆ ಸೀಳಿದೆ, ತಲೆ ಮಾತ್ರ ತೂರುವಷ್ಟು ಜಾಗ. ಈಜಿಕೊಂಡು ಅದರೊಳಗೆ ನುಗ್ಗಿದರೆ ಗುಹೆ, ಗುಹೆಯೊಳಗೆ ಜಲಪಾತ. ಮೊದಲ ಸಲ ಮಗ ಹೆದರಿ ಹೊರಗೇ ಕೂತ. ಮುಂದಿನ ಚಳಿಗಾಲದಲ್ಲಿ ನನಗಿಂತ ಮೊದಲು ಅವನೇ ಒಳಗೆ ಇದ್ದ. ಒಮ್ಮೆ ಮಳೆ ಬಂದ ಮರುವಾರ ಹೋದಾಗ ನಾವು ಕೂತು ಊಟ ಮಾಡುತ್ತಿದ್ದ ಕಲ್ಲೇ ಇರಲಿಲ್ಲ, ಪ್ರವಾಹ ಹೊತ್ತುಕೊಂಡು ಹೋಗಿತ್ತು. ನೀವು ನಿಂತಲ್ಲಿ ಬಿಸಿಲು ಇದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದಿದ್ದರೆ ನೋಡನೋಡುವಷ್ಟರಲ್ಲಿ ನೀರು ಬಂದುಬಿಡುತ್ತದೆ. ರಸ್ತೆ ವಾದಿಗೆ ಇಳಿಯುವಲ್ಲೆಲ್ಲ ಆಳ ತೋರಿಸುವ ಬಣ್ಣದ ಕಂಬ ನೆಟ್ಟಿರುತ್ತಾರೆ. ನಮ್ಮ ಮಕ್ಕಳಿಗೆ ಈಗ ಆ ಕಂಬ ಓದಲಿಕ್ಕೆ ಬರುತ್ತದೆ, ಆಕಾಶವನ್ನೂ ಓದಲಿಕ್ಕೆ ಬರುತ್ತದೆ.

ಇನ್ನು ಅಪ್ಪ ಬಂದಾಗಿನ ಮಾತು. ಅಪ್ಪ ವಿಟ್ಲದ ಹತ್ತಿರದ ಅಡಿಕೆ ಕೃಷಿಕರು. ತೋಟ ಬಿಟ್ಟು ಬರುವವರೇ ಅಲ್ಲ, ಒತ್ತಾಯ ಮಾಡಿ ಒಂದು ಚಳಿಗಾಲ ಕರೆಸಿಕೊಂಡೆವು. ಸುಲ್ತಾನ್ ಕಾಬೂಸರ ದೊಡ್ಡ ಮಸೀದಿಗೆ ಕರೆದುಕೊಂಡು ಹೋದೆ. 2001ರಲ್ಲಿ ತೆರೆದದ್ದು, ಒಳಗೆ ಒಂದೇ ತುಂಡಿನಂತೆ ಹಾಸಿದ ಜಮಖಾನ 4,343 ಚದರ ಮೀಟರ್, ಇರಾನಿನ 600 ಹೆಂಗಸರು ನಾಲ್ಕು ವರ್ಷ ನೇಯ್ದದ್ದು. ಅಪ್ಪ ಕೈಮುಗಿದು ನೋಡಿದರು, "ಶಾಂತ ಉಂಟು" ಅಂದರು, ಹೊರಗೆ ಬಂದರು. ಅವರ ಮನಸ್ಸು ನಿಂತದ್ದು ನಿಜ್ವಾಕ್ಕೆ ಸ್ವಲ್ಪ ಮೊದಲು ಸಿಗುವ ಬಿರ್ಕತ್ ಅಲ್ ಮೌಜ್ ಎಂಬ ಹಳ್ಳಿಯಲ್ಲಿ. ಬೆಟ್ಟದ ಬುಡದಲ್ಲಿ ಪಾಳುಬಿದ್ದ ಮಣ್ಣಿನ ಮನೆಗಳು, ಅವುಗಳ ಕೆಳಗೆ ಖರ್ಜೂರದ ತೋಟ, ತೋಟದ ನಡುವೆ ಫಲಜ್.

ಫಲಜ್ ಅಂದರೆ ಅಲ್ಲಿನ ನೀರಿನ ಕಾಲುವೆ. ಬೆಟ್ಟದ ಬುಡದಲ್ಲಿ ಆಳವಾದ ತಾಯಿಬಾವಿ ತೋಡಿ, ಅಲ್ಲಿಂದ ನೆಲದಡಿಯಲ್ಲೇ ಸುರಂಗ ಕೊರೆದು, ಇಳಿಜಾರು ಒಂದನ್ನೇ ನಂಬಿ ಹಳ್ಳಿಯವರೆಗೆ ನೀರು ತರುತ್ತಾರೆ. ಪಂಪಿಲ್ಲ, ಕರೆಂಟಿಲ್ಲ. ಒಮಾನಿನಲ್ಲಿ ಎಲ್ಲ ಬಗೆಯ ಫಲಜ್ ಸೇರಿ ಸುಮಾರು 3,000 ಈಗಲೂ ಹರಿಯುತ್ತಿವೆ. 2006ರಲ್ಲಿ ಅವುಗಳಲ್ಲಿ 5 ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಿರ್ಕತ್ ಅಲ್ ಮೌಜ್‌ನ ಫಲಜ್ ಅಲ್ ಖತ್ಮೈನ್ ಆ ಐದರಲ್ಲಿ ಒಂದು. ಅಲ್ಲಿ ನೀರು ಹಳ್ಳಿಗೆ ಬರುತ್ತಲೇ ಮೂರು ಸಮಪಾಲಾಗಿ ಮೂರು ಕಾಲುವೆಗೆ ಒಡೆಯುತ್ತದೆ. ಮಕ್ಕಳು ಒಂದೊಂದಕ್ಕೆ ಒಂದೊಂದು ಖರ್ಜೂರದ ಎಲೆಯ ಚೂರು ಬಿಟ್ಟು ಪಂದ್ಯ ಕಟ್ಟಿದರು.

ಅಪ್ಪ ಚಪ್ಪಲಿ ಬಿಟ್ಟು, ಕಟ್ಟೆಯಲ್ಲಿ ಕೂತು, ನೀರಿಗೆ ಕೈ ಇಟ್ಟರು. ಬೆಳಗಿನ ಚಳಿಯಲ್ಲೂ ನೀರು ಉಗುರುಬೆಚ್ಚಗೆ ಇತ್ತು. "ಇದು ಮೇಲಿನ ನೀರಲ್ಲ, ನಮ್ಮ ಸುರಂಗದ ನೀರಿನ ಹಾಗೆಯೇ" ಅಂದರು. ಹೌದಲ್ಲ! ವಿಟ್ಲ, ಅಡ್ಯನಡ್ಕ, ಮಾಣಿಲ, ಆಚೆ ಕಾಸರಗೋಡಿನ ಕಡೆಯೆಲ್ಲ ಜಂಬಿಟ್ಟಿಗೆ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು, ಜಿನುಗುವ ನೀರನ್ನು ಅಡಿಕೆಮರದ ದಂಬೆಯಲ್ಲಿ ಹಾಯಿಸಿ ಕೆರೆಗೆ ತುಂಬಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡುತ್ತ, ಮೊದಲಿನವುಗಳಲ್ಲಿ ನೀರು ಸಿಗದಿದ್ದರೂ ಬಿಡದೆ ತೋಡಿ, ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಉಂಟು, ಅದು ಈ ಫಲಜಿನದೇ ಜಾತಿ.

ನಾವು ಕೂತಲ್ಲಿಗೆ ಒಬ್ಬ ಮುದುಕರು ಬಂದರು. ಬಿಳಿ ನಿಲುವಂಗಿ, ಕಸೂತಿ ಟೊಪ್ಪಿ, ಕೈಯಲ್ಲಿ ಕೋಲು. ಒಮಾನಿನ ಹಳಬರಲ್ಲಿ ಹಿಂದಿ ಬಲ್ಲವರು ಬೇಕಾದಷ್ಟು. ಅಪ್ಪನದು ಹರಕು ಹಿಂದಿ, ಅವರದು ಅಂಗಡಿಯ ಹಿಂದಿ, ಮಾತು ಮಾತ್ರ ನಿಲ್ಲಲೇ ಇಲ್ಲ. ನೀರನ್ನು ಅಳೆಯುವುದು ಹೊತ್ತಿನ ಲೆಕ್ಕದಲ್ಲಿ, ಅರ್ಧ ಗಂಟೆಗೆ ಒಂದು ಅಥರ್. ಹಿಂದೆ ಹಗಲಿಗೆ ಕೋಲಿನ ನೆರಳು, ರಾತ್ರಿಗೆ ನಕ್ಷತ್ರ ನೋಡಿ ಪಾಳಿ ಬದಲಿಸುತ್ತಿದ್ದರಂತೆ. ಮೊದಲು ಕುಡಿಯುವ ನೀರು, ಆಮೇಲೆ ಮಸೀದಿ, ಸ್ನಾನ, ಕೊನೆಗೆ ತೋಟ. ಕಾಲುವೆಗೊಬ್ಬ ವಕೀಲ್ ಇರುತ್ತಾನೆ, ಲೆಕ್ಕ ಇಡುವುದು, ರಿಪೇರಿ ಮಾಡಿಸುವುದು, ಜಗಳ ಬಿಡಿಸುವುದು ಎಲ್ಲ ಅವನದೇ ಜವಾಬ್ದಾರಿ. "ಜಗಳ ಆಗುವುದುಂಟಾ?" ಅಂತ ಅಪ್ಪ ಕೇಳಿದರು. "ನೀರು ಇದ್ದಲ್ಲಿ ಜಗಳ ಇಲ್ಲದಿರುತ್ತದಾ?" ಅಂತ ಮುದುಕರು ನಕ್ಕರು. ಇಬ್ಬರೂ ಬಹಳ ಹೊತ್ತು ನಕ್ಕರು. ನಾವು ಅಂದು ನಿಜ್ವಾ ಕೋಟೆಗೆ ಮುಟ್ಟಲೇ ಇಲ್ಲ. ಊರಿಗೆ ವಾಪಸಾಗುವ ಮೊದಲು ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದೇ: ಆ ಕಾಲುವೆಗೆ ಇನ್ನೊಮ್ಮೆ ಕರೆದುಕೊಂಡು ಹೋಗು ಅಂತ. ಹೋದೆವು.

ಸಲಾಲದ ವಿಷಯ ಹೇಳದಿದ್ದರೆ ನನ್ನ ಹೆಂಡತಿ ಸುಮ್ಮನಿರುವುದಿಲ್ಲ. ಮಸ್ಕತ್ತಿನಿಂದ ಸುಮಾರು 1,000 ಕಿಲೋಮೀಟರ್, ಅದರಲ್ಲಿ ಬಹುಪಾಲು ಬರೀ ಬಯಲು. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಅಲ್ಲಿ ಖರೀಫ್, ಅಂದರೆ ಮಂಜು ಮತ್ತು ಜಿಟಿಜಿಟಿ ಮಳೆ. ತುಮ್ರೈತ್ ದಾಟಿ ಲೋಬಾನದ ಗಿಡಗಳಿರುವ ವಾದಿ ದೌಕಾ ಕಳೆಯುವವರೆಗೂ ಸುಡುವ ಬಯಲೇ. ಗುಡ್ಡದ ನೆತ್ತಿ ದಾಟಿದ್ದೇ ಕಾರಿನ ಗಾಜಿಗೆ ಮಂಜು ಮುತ್ತಿಕೊಂಡಿತು, ನೋಡಿದರೆ ಸುತ್ತ ಹಸಿರೋ ಹಸಿರು! ನಮ್ಮ ಮುಂಗಾರಿನದೇ ಗಾಳಿ ಅದು. ಆ ಗಾಳಿ ಕಡಲಿನ ಮೇಲ್ಪದರವನ್ನು ಆಚೆಗೆ ತಳ್ಳುವುದರಿಂದ ಕರಾವಳಿಯಲ್ಲಿ ತಣ್ಣನೆಯ ನೀರು ಮೇಲೇಳುತ್ತದೆ. ತಣ್ಣೀರಿನ ಮೇಲೆ ಹಾದ ತೇವದ ಗಾಳಿ ಮೋಡವಾಗುತ್ತದೆ. ಮೇಲಿನಿಂದ ಮರುಭೂಮಿಯ ಬಿಸಿಗಾಳಿ ಮುಚ್ಚಳ ಹಾಕಿರುವುದರಿಂದ ಆ ಮೋಡಕ್ಕೆ ಮೇಲೇರಲಿಕ್ಕೆ ದಾರಿಯಿಲ್ಲ, ಗುಡ್ಡಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಎಲೆಗಳಿಗೆ ಮಂಜು ಅಂಟಿ ತೊಟ್ಟಿಕ್ಕುವ ನೀರೇ ಆ ಕಾಡಿಗೆ ದೊಡ್ಡ ಆಧಾರ. ಸಲಾಲದಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ, ಮಂಗಳೂರಿನಲ್ಲಿ 3,500ಕ್ಕೂ ಮೇಲೆ. ಅಷ್ಟು ಹನಿಗಾಗಿ ಗಲ್ಫಿನ ಎಲ್ಲ ಕಡೆಯಿಂದ ಸಂಸಾರಗಳು ಬಂದು, ಹುಲ್ಲಿನ ಮೇಲೆ ಚಾಪೆ ಹಾಸಿ, ನೆನೆಯುತ್ತ ಚಹಾ ಕುಡಿಯುತ್ತವೆ. ಕೊಡೆ ಬಿಚ್ಚುವವರಿಲ್ಲ. ರಸ್ತೆ ಬದಿಯಲ್ಲಿ ಬೊಂಡ, ಬಾಳೆಗೊನೆ, ಪಪ್ಪಾಯಿ. ಒಂದು ಅಂಗಡಿಯಲ್ಲಿ ಬೊಂಡ ಕೆತ್ತುವ ಸದ್ದು ಕೇಳಿ ನನ್ನ ಹೆಂಡತಿಗೆ ಕಣ್ಣು ತುಂಬಿ ಬಂತು. ಗಲ್ಫಿನಲ್ಲೇ ಹುಟ್ಟಿದ ಮಗಳು ಮೊತ್ತಮೊದಲು ಮನಸಾರೆ ಮಳೆಯಲ್ಲಿ ನೆನೆದದ್ದು ಅಲ್ಲಿ.

ಮುತ್ರಾಕ್ಕೆ ಸಂಜೆ ಹೊತ್ತು ಸುಮ್ಮನೆ ಹೋಗುತ್ತೇವೆ. ಬಂದರಿನ ಎದುರು ಕೂತು ಮಕ್ಕಳಿಗೆ ಹೇಳುವುದುಂಟು: ಮಂಗಳೂರಿನ ಅಕ್ಕಿ ಇಲ್ಲಿಗೆ ಹಡಗಿನಲ್ಲಿ ಬರುತ್ತಿತ್ತು, ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲಿತ್ತು, ನಮಗಿಂತ ಎಷ್ಟೋ ಮೊದಲೇ ನಮ್ಮವರು ಈ ಕಡಲು ದಾಟಿದ್ದಾರೆ ಅಂತ.

ನೀವು ಬರುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ಒದ್ದೆಯಾದರೂ ಜಾರದ ಚಪ್ಪಲಿ ತನ್ನಿ. ಗುಲಾಬಿ ನೋಡುವ ಆಸೆ ಇದ್ದರೆ ಮಾತ್ರ ಏಪ್ರಿಲ್; ಜಬಲ್ ಅಖ್ದರ್ ಎಂಬ ಬೆಟ್ಟದಲ್ಲಿ ಆಗ ಹೂ ಕೊಯ್ದು, ಮಣ್ಣಿನ ಒಲೆಯಲ್ಲಿ ಬಟ್ಟಿ ಇಳಿಸಿ ಪನ್ನೀರು ಮಾಡುತ್ತಾರೆ. ಬಿರ್ಕತ್ ಅಲ್ ಮೌಜ್‌ನಲ್ಲೇ ಪೊಲೀಸರು ನಿಲ್ಲಿಸುತ್ತಾರೆ, ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ಬೆಟ್ಟ ಹತ್ತಲಿಕ್ಕೆ ಬಿಡುವುದಿಲ್ಲ. ಅದಕ್ಕೆ ಗಾಡಿ ನಾನು ನೋಡಿಕೊಳ್ಳುತ್ತೇನೆ. ಕಾಲುವೆಯ ಹತ್ತಿರಕ್ಕೆ ಮಾತ್ರ ಒಂದು ಇಡೀ ಬೆಳಿಗ್ಗೆ ಬಿಡುವು ಮಾಡಿಕೊಂಡು ಬನ್ನಿ.