ಕಿಟ್ ಲೆನ್ಸ್: ಒಂದು ಬಹುಶಿಸ್ತೀಯ ಅನುಸಂಧಾನ (ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳನ್ನು ಅನುಲಕ್ಷಿಸಿ)

ಅಧ್ಯಾಯ ಒಂದು: ಪ್ರಸ್ತಾವನೆ, ಪ್ರೇರಣೆ, ವ್ಯಾಪ್ತಿ ಮತ್ತು ಮಿತಿ

ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮರಾ ಕೊಂಡರೆ ಅದೇ ಡಬ್ಬಿಯಲ್ಲಿ ಬರುವ ಅಗ್ಗದ ಝೂಮ್ ಲೆನ್ಸಿಗೆ, ಅಂದರೆ ಕಿಟ್ ಲೆನ್ಸಿಗೆ, ಕನ್ನಡದ ಸಾಂಸ್ಕೃತಿಕ ಚಿಂತನೆ ಈವರೆಗೆ ಮುಖಾಮುಖಿಯಾಗಿಲ್ಲ. ಸದರಿ ವಸ್ತುವಿನ ಜ್ಞಾನಮೀಮಾಂಸೆಯ ನೆಲೆಗಳನ್ನು ಸ್ಥಳೀಯ ಪರಿಪ್ರೇಕ್ಷ್ಯದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಅಧ್ಯಯನದ ಘನ ಉದ್ದೇಶವಾಗಿರುತ್ತದೆ.

ಪ್ರೇರಣೆ ಎರಡು ದಿನಗಳ ಒಂದು ವಿಚಾರ ಸಂಕಿರಣ. ದಿಕ್ಸೂಚಿ ಭಾಷಣಕಾರರು 'ದೃಶ್ಯ ಸಂಕಥನದ ಅಂಚಿನ ನೆಲೆಗಳು' ಎಂಬ ವಿಷಯವಾಗಿ ಊಟದ ಹೊತ್ತು ಮೀರಿದರೂ ಮಾತಾಡಿದರು. ಅಂಚಿನವರು, ಅಂಚಿಗೆ ತಳ್ಳಿಸಿಕೊಂಡವರು, ಅಂಚಿನಿಂದ ಕೇಂದ್ರವನ್ನು ಪ್ರಶ್ನಿಸುವವರು, ಎಲ್ಲರೂ ಬಂದು ಹೋದರು. ಅಷ್ಟೂ ಹೊತ್ತು ಸಭಾಂಗಣದ ಗೋಡೆಗೆ ಹತ್ತಿ ರೋಣದ ಕಡೆಯ ಒಬ್ಬ ಸ್ಟುಡಿಯೋ ಹುಡುಗ ಕ್ಯಾಮರಾ ಹಿಡಿದು ನಿಂತೇ ಇದ್ದ. ಭಾಷಣ ಮುಗಿಸಿ ಇಳಿದ ವಿದ್ವಾಂಸರು (ಅವರಿಗೆ ಹಕ್ಕಿಗಳ ಫೋಟೋ ತೆಗೆಯುವ ಹವ್ಯಾಸ, ಲೆನ್ಸಿನ ಬಣ್ಣ ಬಿಳಿ) ಅವನ ಕ್ಯಾಮರಾದತ್ತ ಬಗ್ಗಿ ನೋಡಿ, "ಕಿಟ್ ಲೆನ್ಸಾ?" ಎಂದು ನಕ್ಕರು. "ಹೌದ್ರಿ ಸರ" ಎಂದ ಹುಡುಗ, ಆಗಷ್ಟೇ ತೆಗೆದ ಅವರ ಫೋಟೋ ತೋರಿಸಿದ. ಅದನ್ನು ಅವರು ಅಲ್ಲೇ ವಾಟ್ಸ್ಯಾಪಿಗೆ ಹಾಕಿಸಿಕೊಂಡರು.

ಆ 'ಲೆನ್ಸಾ?' ಎಂಬುದರ ದೀರ್ಘವನ್ನು ಅಳೆಯುವುದೇ ಈ ಪ್ರಬಂಧದ ವ್ಯಾಪ್ತಿ. ಸಿಟ್ಟು ಅದರ ಮಿತಿ.

ಅಧ್ಯಾಯ ಎರಡು: ಭೌಗೋಳಿಕ ಹಾಗೂ ಚಾರಿತ್ರಿಕ ಹಿನ್ನೆಲೆ

ವಿಷಯ ಯಾವುದೇ ಇರಲಿ, ಎರಡನೇ ಅಧ್ಯಾಯದಲ್ಲಿ ಜಿಲ್ಲೆಯ ಇತಿಹಾಸ ಬರಲೇಬೇಕು. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ರೋಣ ಭೀಮಸೇನ ಜೋಶಿಯವರ ಊರು. ನರಗುಂದದ ಬಾಬಾಸಾಹೇಬ 1858ರಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಗಜೇಂದ್ರಗಡದಲ್ಲಿ 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಒಪ್ಪಂದವಾಯಿತು. ಈ ಯಾವ ಸಂದರ್ಭದಲ್ಲೂ ಕಿಟ್ ಲೆನ್ಸ್ ಬಳಕೆಯಾದ ಬಗ್ಗೆ ಶಾಸನಾಧಾರ ದೊರೆತಿಲ್ಲ. ಆದರೂ ಅಧ್ಯಾಯವನ್ನು ಕೈಬಿಡುವಂತಿಲ್ಲ, ಪುಟ ಕಡಿಮೆ ಬೀಳುತ್ತವೆ.

ನಿಜವಾಗಿ ಬೇಕಾದ ಹಿನ್ನೆಲೆ ಒಂದೇ: ಬಿಸಿಲು. ಇದು ಎರೆ ಹೊಲಗಳ ಬಯಲು. ಹೆಸರು, ಕಡಲೆ, ಜೋಳದ ಬೆಳೆಯ ನಡುವೆ ನೆರಳೆಂದರೆ ಬದುವಿನ ಮೇಲಿನ ಒಂದು ಬೇವಿನ ಮರ. ಹಳೆಯ ರೋಲ್ ಕಾಲದ ಫೋಟೋಗ್ರಾಫರುಗಳಿಗೆ ಬಾಯಿಪಾಠವಿದ್ದ ಲೆಕ್ಕದ ಪ್ರಕಾರ, ನಿಚ್ಚಳ ಬಿಸಿಲಿನಲ್ಲಿ ಲೆನ್ಸಿನ ಬಾಯಿಯನ್ನು ಎಫ್/16ಕ್ಕೆ ಇಟ್ಟು, ಐಎಸ್ಒ 100 ಇದ್ದರೆ ಷಟರ್ ಸೆಕೆಂಡಿನ ನೂರನೇ ಒಂದು ಭಾಗ ಇಡಬೇಕು. ಕಿಟ್ ಲೆನ್ಸಿನ ಎಫ್/7.1ಕ್ಕೆ ತಂದರೆ ಅದು ಐನೂರನೇ ಒಂದು ಭಾಗವಾಗುತ್ತದೆ. ಎತ್ತು ಓಡುತ್ತಿದ್ದರೂ ಕಾಲು ಅಲುಗಿದಂತೆ ಬರುವುದಿಲ್ಲ. ಕಿಟ್ ಲೆನ್ಸ್ ಬೆಳಕಿಗೆ ಬಡವ ಎನ್ನುವ ಆರೋಪ ಮೋಡ ಮುಸುಕಿದ ಊರುಗಳಿಂದ ಬಂದದ್ದು. ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರದ ಗುಡ್ಡದ ಕೆಳಗೆ ಮಧ್ಯಾಹ್ನ ಹನ್ನೆರಡಕ್ಕೆ ನಿಂತವರು ಆ ಮಾತು ಆಡಲಾರರು.

ಅಧ್ಯಾಯ ಮೂರು: ಪೂರ್ವಸೂರಿಗಳು

ಈ ಸೀಮೆಯ ಕಲ್ಲುಗಳಿಗೆ ಮೊದಲು ಕ್ಯಾಮರಾ ಹಿಡಿದವರಲ್ಲಿ ಡಾ. ಪಿಗೌ, ಡಾ. ನೀಲ್ ಮತ್ತು ಕರ್ನಲ್ ಬಿಗ್ಸ್ ಸೇರುತ್ತಾರೆ. ಅವರು ತೆಗೆದ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಪುಸ್ತಕವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಮೆಡೋಸ್ ಟೇಲರ್ ಚರಿತ್ರೆ ಬರೆದ, ಫರ್ಗುಸನ್ ಶಿಲ್ಪದ ಟಿಪ್ಪಣಿ ಬರೆದ. ಫೋಟೋ ತೆಗೆದ ಆ ಮೂವರ ಕೈಯಲ್ಲೂ ಝೂಮ್ ಇರಲಿಲ್ಲ. 35 ಮಿ.ಮೀ. ಸ್ಥಿರಚಿತ್ರ ಕ್ಯಾಮರಾಕ್ಕೆಂದು ಮೊದಲ ಝೂಮ್ ಲೆನ್ಸ್, ಫಾಯ್ಗ್ಟ್‌ಲಾಂಡರ್ ಕಂಪನಿಯ ಝೂಮರ್, ಬಂದದ್ದು 1959ರಲ್ಲಿ. ಹತ್ತಿರದ್ದು ಬೇಕಾದರೆ ಅವರು ನಡೆದು ಹತ್ತಿರ ಹೋಗುತ್ತಿದ್ದರು. ಈ ಕ್ರಮಕ್ಕೆ 'ಪಾದಾಧಾರಿತ ನಾಭಿದೂರ ಪದ್ಧತಿ' ಎಂದು ಪ್ರಸ್ತುತ ಅಧ್ಯಯನಕಾರ ನಾಮಕರಣ ಮಾಡುತ್ತಾನೆ. ಉಲ್ಲೇಖಿಸುವವರು ಅಧ್ಯಯನಕಾರನ ಹೆಸರನ್ನೂ ಹಾಕತಕ್ಕದ್ದು.

ಅಧ್ಯಾಯ ನಾಲ್ಕು: ವರ್ಗೀಕರಣ

ಅಧ್ಯಯನದ ಅನುಕೂಲಕ್ಕಾಗಿ ಕಿಟ್ ಲೆನ್ಸುಗಳನ್ನು ಏಳು ವರ್ಗಗಳಾಗಿ ವಿಂಗಡಿಸಿಕೊಳ್ಳಲಾಗಿದೆ.

4.1 ಆದಿಮ ವರ್ಗ. ಸೋನಿಯ 28-70 ಮಿ.ಮೀ. ಆಲ್ಫಾ 7 ಕ್ಯಾಮರಾದ ಜೊತೆ 2013ರಲ್ಲಿ ಬಂತು, 295 ಗ್ರಾಂ. ಸೋನಿ ಹಿಡಿದ ಯಾವ ಸ್ಟುಡಿಯೋಗೆ ಹೋದರೂ ಕಪಾಟಿನಲ್ಲಿ ಇದೊಂದು ಇರುವ ಸಂಭವ ಹೆಚ್ಚು. ಮಾಲೀಕ ಅದನ್ನು ತೋರಿಸುವುದಿಲ್ಲ. ಕೇಳಿದರೆ, "ಅದು ಹಂಗ ಬಂದದ್ರಿ" ಎನ್ನುತ್ತಾನೆ.

4.2 ದೀರ್ಘಬಾಹು ವರ್ಗ. ಕ್ಯಾನನ್ ಕಂಪನಿಯ 24-105, ಎಫ್/4-7.1. 2020ರದು, 395 ಗ್ರಾಂ. ಇದೇ ಮನೆಯ ಹಿರಿಯಣ್ಣ 24-70, ಎಫ್/2.8 ತೂಗುವುದು 900 ಗ್ರಾಂ. ಅವನ ಬೆಲೆಯನ್ನು ಪಾಲಕರ ಮುಂದೆ ಹೇಳಬಾರದು. ತಮ್ಮನ 24 ಮಿ.ಮೀ. ತುದಿಯಲ್ಲಿ ಮೂಲಚಿತ್ರ ತೆರೆದರೆ ಕಂಬಗಳು ಬಾಗಿರುತ್ತವೆ, ಮೂಲೆಗಳು ಕಪ್ಪಾಗಿರುತ್ತವೆ. ಕ್ಯಾಮರಾದೊಳಗಿನ ಲೆಕ್ಕ ಅದನ್ನೆಲ್ಲ ಎಳೆದು ನೆಟ್ಟಗೆ ಮಾಡಿ ತೋರಿಸುತ್ತದೆ. ಇದೇ ಸೀಮೆಯ ಸೂಡಿಯ ಜೋಡುಕಳಸದ ಗುಡಿಯ ಕಂಬಗಳನ್ನು ಸಾವಿರ ವರ್ಷದ ಹಿಂದೆ ತಿರುಗಣಿಯಲ್ಲಿ ಕಡೆದವರು ಇದನ್ನು ಕೇಳಿದರೆ ಏನೆನ್ನುತ್ತಿದ್ದರೋ!

4.3 ಸಂಕುಚನಶೀಲ ವರ್ಗ. ನಿಕಾನಿನ 24-50 (195 ಗ್ರಾಂ), ಸೋನಿಯ 28-60 (167 ಗ್ರಾಂ). ಇವು ಒಳಗೆ ಮುದುಡಿಕೊಂಡಿರುತ್ತವೆ. ತಿರುಗಿಸಿ ಹೊರಗೆ ತೆಗೆಯದಿದ್ದರೆ ಫೋಟೋ ಬರುವುದಿಲ್ಲ. ಗಟ್ಟಿಮೇಳ ಜೋರಾಗಿ, ಅಕ್ಕಿಕಾಳು ಹಾರಿ, ಮದುಮಗ ತಾಳಿಯ ಗಂಟು ಹಾಕುತ್ತಿರುವಾಗ ಕ್ಯಾಮರಾದ ಪರದೆ ಮೇಲೆ "ಮೊದಲು ಲೆನ್ಸ್ ತೆರೆಯಿರಿ" ಎಂಬ ಸಂದೇಶ ಬರುವುದನ್ನು ಊಹಿಸಿಕೊಳ್ಳಿ. ಹಿಂದಿನಿಂದ ಹೆಣ್ಣಿನ ಸೋದರಮಾವ, "ಹೊಡದಿ ಇಲ್ಲೋ ತಮ್ಮಾ?" ಎಂದು ಕೇಳುತ್ತಾನೆ. ಇಲ್ಲಿ ಸತ್ಯವೂ ಜೀವವೂ ಒಂದೇ ಕಾಲಕ್ಕೆ ಉಳಿಯುವುದು ಕಷ್ಟ.

4.4 ಅಗಲಗಣ್ಣ ವರ್ಗ. ಪ್ಯಾನಸಾನಿಕ್ ಕಂಪನಿಯ 20-60. ಮೂಲೆಯಿಂದ ಮೂಲೆಗೆ 94 ಡಿಗ್ರಿ ನೋಡುತ್ತದೆ, 24 ಮಿ.ಮೀ. ನೋಡುವುದು 84, 28 ಮಿ.ಮೀ. 75. ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಸೂಡಿಯಲ್ಲಿ, ನಾಗಕುಂಡವೆಂಬ ಕಲ್ಲುಕೊಳದ ಮೆಟ್ಟಿಲ ಮೇಲೆ ನಿಂತು, ಹಿಂದೆ ಸರಿಯಲು ಜಾಗವಿಲ್ಲದಾಗ ಈ ಹತ್ತೊಂಬತ್ತು ಡಿಗ್ರಿಯ ವ್ಯತ್ಯಾಸ ಏನೆಂದು ತಿಳಿಯುತ್ತದೆ.

4.5, 4.6, 4.7. ಬೇಡ, ಸಾಕು.

ಈ ಸೀಮೆಯವರ ಮುಂದೆ ಕೂತು ವರ್ಗೀಕರಣದ ತಮಾಷೆ ಮಾಡುವುದಕ್ಕೂ ಒಂದು ಮಿತಿಯಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತು ಬೆಣ್ಣೆಹಳ್ಳ ತುಂಬಿ ಬಂದವು. ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣದ ಕಡೆ ಹೊಳೆಆಲೂರಿನ ಸುತ್ತಲಿನ ಊರುಗಳು ನೀರಲ್ಲಿ ನಿಂತವು. ಆಮೇಲೆ ಪರಿಹಾರಕ್ಕೆಂದು ಬಿದ್ದ ಮನೆಗಳಿಗೂ ವರ್ಗ ಬಂತು: ಎ, ಬಿ, ಸಿ. ಎ ಎಂದರೆ ಐದು ಲಕ್ಷ. ಸಿ ಎಂದರೆ ಅದರ ಒಂದು ಚೂರು. ಮಣ್ಣಿನ ಮೇಲ್ಮುದ್ದೆಯ ಮನೆ ಒಂದೇ ಸಲಕ್ಕೆ ಬೀಳುವುದಿಲ್ಲ. ಹಿಂದಿನ ಗೋಡೆ ಕುಸಿದು, ಒಳಗಿನ ತೊಲೆ ಜಾರಿ, ಮುಂದಿನ ಗೋಡೆ ಮಾತ್ರ ಬಾಗಿಲ ಚೌಕಟ್ಟಿನ ಸಮೇತ ಮಾನಕ್ಕೆಂಬಂತೆ ನಿಂತಿರುತ್ತದೆ. ಓಣಿಯಲ್ಲಿ ನಿಂತು ಮುಂದಿನಿಂದ ಒಂದು ಫೋಟೋ ಹೊಡೆದರೆ ಮನೆ ಚೆಂದವೇ ಕಾಣುತ್ತದೆ. ಒಬ್ಬ ಮುದುಕಿ ಸ್ಟುಡಿಯೋ ಹುಡುಗನನ್ನು ಮನೆಗೆ ಕರೆದೊಯ್ದು ಹೇಳಿದ ಮಾತು ಹೀಗಿತ್ತು: "ಮುಂದಿಂದು ಬ್ಯಾಡಪಾ, ಸರ್ವೇದವ್ರು ತಗೊಂಡ್ಹೋಗ್ಯಾರ. ಹಿಂದಿನ ಗ್ವಾಡಿ ಬಿದ್ದದ್ದು ಕಾಣಬೇಕು ನೋಡು." ಹುಡುಗ ಕೆಸರಿನಲ್ಲಿ ಕಾಲೂರಿ, ಬೆನ್ನನ್ನು ಪಕ್ಕದ ಮನೆಯ ಗೋಡೆಗೆ ಒತ್ತಿ, ಲೆನ್ಸಿನ ಅಗಲದ ತುದಿಗೆ ತಿರುಗಿಸಿ ತೆಗೆದ. ಗೋಡೆ ಪೂರ್ತಿ ಬಂತು. ಆ ಫೋಟೋದ ಪ್ರಿಂಟನ್ನು ಯಾವ ಮೇಜಿನ ಮೇಲಿಟ್ಟರೂ ವರ್ಗ ಮಾತ್ರ ಬದಲಾಗಲಿಲ್ಲ. ದೃಶ್ಯ ಸಂಕಥನದ ಅಂಚಿನ ನೆಲೆ ಎಂದರೆ ಸರ, ಇದು. ಬೆನ್ನಿಗೆ ಗೋಡೆ ತಾಗುವ ಜಾಗ.

ಅಧ್ಯಾಯ ಎಷ್ಟಕ್ಕೆ ಬಂದಿತ್ತು? ಐದು ಎಂದುಕೊಳ್ಳೋಣ: ಮಸುಕು ಮೀಮಾಂಸೆ

ಕಿಟ್ ಲೆನ್ಸಿನ ಮೇಲಿರುವ ಮುಖ್ಯ ಆಪಾದನೆ, ಅದು ಹಿನ್ನೆಲೆಯನ್ನು ಮಸುಕು ಮಾಡುವುದಿಲ್ಲ ಎಂಬುದು. ನಮ್ಮ ಕಡೆ ಮದುವೆ ಗಿರಾಕಿಗಳೂ ಈಗ ಇದನ್ನು ಕಲಿತಿದ್ದಾರೆ. ಬುಕಿಂಗಿಗೆ ಬಂದವರು ಮೊಬೈಲಿನಲ್ಲಿ ಯಾವುದೋ ಊರಿನ ಯಾವುದೋ ಮದುವೆ ತೋರಿಸಿ, "ಹಿಂದ ಹಿಂಗ ಬ್ಲರ್ ಬರಬೇಕ್ರಿ" ಎನ್ನುತ್ತಾರೆ.

ಬ್ಲರ್ ಬಂದ ಮೇಲಿನ ಕಥೆ ಕೇಳಿ. ವೇದಿಕೆ ಮೇಲೆ ಬೀಗರು ಮೂರು ಸಾಲು ನಿಂತಿದ್ದಾರೆ. ನಾಲ್ಕು ಮೀಟರ್ ದೂರದಿಂದ, 70 ಮಿ.ಮೀ.ನಲ್ಲಿ, ಎಫ್/2.8 ಇಟ್ಟು ಹೊಡೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಅರ್ಧ ಮೀಟರ್. ಮದುಮಕ್ಕಳು ಬರುತ್ತಾರೆ, ಅವರ ಹಿಂದಿನ ಸಾಲು ಅರೆಬರೆ ಬರುತ್ತದೆ, ಮೂರನೇ ಸಾಲಿನಲ್ಲಿ ನಿಂತ ಕಾಕಾ ಕೆಂಪು ರುಮಾಲಿನ ಒಂದು ಕಲೆಯಾಗಿ ಉಳಿಯುತ್ತಾನೆ. ಅದೇ ಜಾಗದಿಂದ ಎಫ್/7.1ರಲ್ಲಿ ಹೊಡೆದರೆ ಆಳ ಸುಮಾರು 1.4 ಮೀಟರ್. ಕಾಕಾನ ಮೀಸೆ ಎಣಿಸಬಹುದು. ಆಲ್ಬಮ್ ಬಂದ ದಿನ ಮನೆಯಲ್ಲಿ ನಡೆಯುವುದು ಹಾಜರಿ. ಯಾರು ಬಂದಿದ್ದರು, ಯಾರು ಮುಯ್ಯಿ ಮಾಡಿದರು, ಯಾರು ಮುಖ ಊದಿಸಿಕೊಂಡು ನಿಂತಿದ್ದರು, ಎಲ್ಲದಕ್ಕೂ ಆಲ್ಬಮ್ಮೇ ಸಾಕ್ಷಿ. "ನಮ್ಮ ಕಾಕಾ ಎಲ್ಲ್ಯದಾನ? ಗಜೇಂದ್ರಗಡದಿಂದ ಬಂದಿದ್ದನಲ್ಲೋ" ಎಂದು ಹಿರಿಯರು ಕೇಳಿದಾಗ ಫೋಟೋಗ್ರಾಫರ್ ಆ ಕೆಂಪು ಕಲೆಯ ಮೇಲೆ ಬೆರಳಿಡಬೇಕು.

ಹಾಗೆಂದು ಕಿಟ್ ಲೆನ್ಸನ್ನು ಪಲ್ಲಕ್ಕಿಯಲ್ಲಿ ಹೊರಬೇಕಿಲ್ಲ. ರಾತ್ರಿ ಮೆರವಣಿಗೆಯಲ್ಲಿ ಅದು ನಿಜಕ್ಕೂ ಸೋಲುತ್ತದೆ. ಎಫ್/7.1ರಲ್ಲಿ ಒಳಬರುವ ಬೆಳಕು ಎಫ್/2.8ರ ಆರನೇ ಒಂದು ಪಾಲಿನಷ್ಟು. ಅಲ್ಲಿ ಐಎಸ್ಒ 1000 ಸಾಕಾದರೆ ಇಲ್ಲಿ 6400ಕ್ಕೆ ಏರಿಸಬೇಕು, ಮುಖದ ಮೇಲೆಲ್ಲ ರವೆ ಚೆಲ್ಲಿದಂತೆ ಕಾಳು. ಫ್ಲ್ಯಾಶನ್ನು ಚಾವಣಿಗೆ ಬಡಿಸಿ ಬೆಳಕು ಇಳಿಸೋಣವೆಂದರೆ ಮೇಲೆ ಪೆಂಡಾಲಿನ ಬಟ್ಟೆ. ಬಟ್ಟೆ ಗುಲಾಬಿಯಾದರೆ ಮದುಮಗಳೂ ಗುಲಾಬಿ, ಹಳದಿಯಾದರೆ ಕಾಮಣಿ ಆದವಳಂತೆ ಹಳದಿ. ಇದನ್ನು ಕೂತು ಒಂದೊಂದಾಗಿ ತಿದ್ದುವ ಹುಡುಗರ ಕಣ್ಣನ್ನು ಯಾವ ಸಂಕಿರಣವೂ ಚರ್ಚೆಗೆ ಎತ್ತಿಕೊಂಡಿಲ್ಲ.

ಬಯಲಿನಲ್ಲಿ ಮಸುಕಿಗೆ ಬೇರೆ ಅರ್ಥ ಬರುತ್ತದೆ. ನರಗುಂದದಲ್ಲಿ 1980ರ ಜುಲೈ 21ರಂದು ಮಲಪ್ರಭೆ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ಈಗ ಪ್ರತಿ ವರ್ಷ ಆ ದಿನ ಹುತಾತ್ಮ ರೈತನ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಮಹದಾಯಿ, ಕಳಸಾ-ಬಂಡೂರಿಯ ನೀರಿಗಾಗಿ 2015ರ ಜುಲೈನಲ್ಲಿ ಮತ್ತೆ ಧರಣಿಗೆ ಕೂತದ್ದೂ ಇದೇ ಊರಲ್ಲಿ. ದೊಡ್ಡ ಬಾಯಿಯ ಲೆನ್ಸು ಅಲ್ಲಿಗೂ ಬರುತ್ತದೆ. ಮಾಲೆ ಹಿಡಿದ ಕೈ, ಉಂಗುರ, ಇಸ್ತ್ರಿಯ ಗೆರೆ ಎಲ್ಲ ಸೊಗಸಾಗಿ ಬರುತ್ತವೆ. ಹಿಂದೆ ರೈತರ ಹಸಿರು ಟವೆಲ್ಲುಗಳು ಮೃದುವಾದ ಒಂದು ಹಸಿರು ಬಣ್ಣವಾಗಿ ಕರಗಿರುತ್ತವೆ. ಅದನ್ನು ನೋಡಿ ತಿಳಿದವರು, "ಹಿನ್ನೆಲೆ ಎಷ್ಟು ಕೆನೆಯಂತಿದೆ" ಎನ್ನುತ್ತಾರೆ. ಕೆನೆಯಂತೆ! ಬಿಸಿಲಲ್ಲಿ ಕೂತ ಮಂದಿ ಸ್ವಾಮಿ, ಅವರಿಗೆ ಮುಖಗಳಿವೆ. ಕಿಟ್ ಲೆನ್ಸಿಗೆ ಆ ಮುಖಗಳನ್ನು ಅಳಿಸಲು ಬರುವುದಿಲ್ಲ. ಕಂಪನಿಯವರು ದುಡ್ಡು ಉಳಿಸಲು ಹಾಗೆ ಮಾಡಿದ್ದಾರೆ, ನಿಜ. ಈ ಊರಿಗೆ ಅದರಿಂದ ಆದ ಉಪಕಾರ ಅವರಿಗೆ ಗೊತ್ತಿರಲಾರದು.

ಅಧ್ಯಾಯ ಆರು: ಕಂತಿನ ಸಾಂಸ್ಕೃತಿಕ ರಾಜಕಾರಣ

ಸಂಕಿರಣದ ಆ ಹುಡುಗ ಆರು ತಿಂಗಳಲ್ಲಿ ಎಫ್/2.8 ಲೆನ್ಸ್ ಕೊಂಡ. ವಿದ್ವಾಂಸರ ನಗುವೊಂದೇ ಕಾರಣವೆಂದರೆ ಅನ್ಯಾಯವಾದೀತು. ಯೂಟ್ಯೂಬಿನಲ್ಲಿ ದಿನಕ್ಕೊಬ್ಬ ಬಂದು, ಕಿಟ್ ಲೆನ್ಸನ್ನು ಮೊದಲು ಮಾರಿಬಿಡಿ ಎಂದು ಉಪದೇಶ ಮಾಡುತ್ತಾನೆ. ಮಾರಲು ಹೋದರೆ ಅದಕ್ಕೆ ಬೆಲೆಯೇ ಇಲ್ಲ. ಡಬ್ಬಿಯಿಂದ ಬಿಡಿಸಿ ಮಾರಿದವರದ್ದೇ ಪೇಟೆ ತುಂಬ ಬಿದ್ದಿರುತ್ತದೆ. ಹೊಸ ಲೆನ್ಸಿನ ಕಂತು ತಿಂಗಳ ಐದಕ್ಕೆ ಬರುತ್ತದೆ. ಮದುವೆಗಳು ತಿಂಗಳ ಐದನ್ನು ನೋಡಿ ಬರುವುದಿಲ್ಲ. ಆಷಾಢದಲ್ಲಿ ಬರುವುದೇ ಇಲ್ಲ. ಹೆಸರಿನ ಬೆಳೆ ಕೈಗೆ ಬಂದರೆ ಶ್ರಾವಣದ ಮೇಲೆ ನಾಲ್ಕು ಬುಕಿಂಗ್. ಮಳೆ ಹೆಚ್ಚಾಗಿ ಹೆಸರು ಹೊಲದಲ್ಲೇ ಮೊಳಕೆ ಒಡೆದರೆ ಇರುವ ಬುಕಿಂಗೂ ಮುಂದಕ್ಕೆ. ಕ್ಯಾಮರಾದ ಬೆಲೆ ಏರಿತು, ಡ್ರೋನ್ ಬೇಕಾಯಿತು, ಕಾಲಕಾಲೇಶ್ವರದ ಗುಡ್ಡ, ಗಾಳಿಯಂತ್ರಗಳ ಕೆಳಗೆ ಪ್ರಿ-ವೆಡ್ಡಿಂಗ್ ಬಂತು. ಮದುವೆಯ ರೇಟು ಮಾತ್ರ, "ಮನಿ ಮಂದಿ ಅದೀವಿ, ನೋಡಿ ಹೇಳ್ರಿ" ಎಂಬಲ್ಲೇ ನಿಂತಿದೆ.

ಅಧ್ಯಾಯ ಏಳು: ಮುಂದಿನ ಅಧ್ಯಯನಕ್ಕೆ ಅವಕಾಶಗಳು

ಎರೆ ಮಣ್ಣಿನ ಧೂಳು ಮತ್ತು ಝೂಮಿನ ಕೊಳವೆಯ ನಡುವಿನ ಅನುಸಂಧಾನ ಇನ್ನೂ ಆಗಬೇಕಾಗಿದೆ. 'ಒಯ್ಯದ ಆಲ್ಬಮ್ಮುಗಳ ತೌಲನಿಕ ಅಧ್ಯಯನ' ಎಂಬ ವಿಷಯವನ್ನೂ ಯಾರಾದರೂ ಕೈಗೆತ್ತಿಕೊಳ್ಳಬಹುದು. ಆಕರ ಸಾಮಗ್ರಿಗೆ ಕೊರತೆಯಿಲ್ಲ. ಯಾವ ಸ್ಟುಡಿಯೋದ ಕಪಾಟನ್ನು ತೆರೆದರೂ ಕೆಳಗಿನ ಅರೆಯಲ್ಲಿ, ಅಡ್ವಾನ್ಸ್ ಮಾತ್ರ ಕೊಟ್ಟು ಬಾಕಿಗೆ ತಲೆ ತಪ್ಪಿಸಿಕೊಂಡವರ ದಪ್ಪ ದಪ್ಪ ಆಲ್ಬಮ್ಮುಗಳು ಪ್ಲಾಸ್ಟಿಕ್ ಚೀಲದಲ್ಲಿ ಕೂತಿರುತ್ತವೆ. ಅಂಥದೇ ಒಂದು ಜೋಡಿ ಮೊನ್ನೆ ನಮ್ಮ ಹುಡುಗನಿಗೆ ಫೋನ್ ಮಾಡಿತ್ತು. ಮಗನ ಜವಳವಂತೆ, ಅವನೇ ಬರಬೇಕಂತೆ. ಹಳೇ ಬಾಕಿಯ ಮಾತು ಆಮೇಲೆ ನೋಡೋಣವಂತೆ. ಲೆನ್ಸ್ ಮಾತ್ರ ಛಲೋದು ತರಬೇಕಂತೆ.